ಹಳೆಯ ಗೇರ್ ಸೈಕಲ್ಲನ್ನು ಒಂದೇ ಗೇರಿಗೆ ಇಳಿಸಬಹುದೇ?

ಪ್ರಶ್ನೆ: ನನ್ನ ಬಳಿ 18 ಗೇರುಗಳ, 26 ಇಂಚು ಚಕ್ರದ ಹಳೆಯ ಸೈಕಲ್ಲೊಂದಿದೆ. ಗೇರ್ ಶಿಫ್ಟರ್ ಕೆಟ್ಟು ವರ್ಷವಾಯಿತು, ಚೈನು ಆಗಾಗ ಬೀಳುತ್ತದೆ. ಗೇರುಗಳನ್ನೆಲ್ಲ ತೆಗೆಸಿ ಒಂದೇ ಗೇರಿನ ಸೈಕಲ್ಲು ಮಾಡಿಸಬಹುದೇ? ಮಾಡಿಸುವುದಾದರೆ, ಚಕ್ರದ ಜೊತೆಗೇ ಪೆಡಲ್ಲೂ ಸದಾ ತಿರುಗುವ ಫಿಕ್ಸೆಡ್ ಗೇರನ್ನೇ ಹಾಕಿಸಿದರೆ ಹೇಗೆ?

ಉತ್ತರ: ಮಾಡಿಸಬಹುದು. ಆದರೆ ಯಾವುದೇ ಬಿಡಿಭಾಗ ಕೊಳ್ಳುವ ಮೊದಲು ಸೈಕಲ್ಲಿನ ಹಿಂಬದಿ ಕುಕ್ಕರಗಾಲಿನಲ್ಲಿ ಕುಳಿತು, ಹಿಂಚಕ್ರದ ಆಕ್ಸಲ್ ಕೂರುವ ಸೀಳನ್ನು ಒಮ್ಮೆ ನೋಡಿ. ಡ್ರಾಪ್‌ಔಟ್ ಎಂದು ಕರೆಯುವ ಆ ಸೀಳು ಅಡ್ಡಕ್ಕೆ ಅಥವಾ ಓರೆಯಾಗಿ ಉದ್ದಕ್ಕೆ ಇದ್ದರೆ ಅರ್ಧ ಕೆಲಸ ಮುಗಿದಂತೆ. ನೆಟ್ಟಗೆ ಮೇಲ್ಮುಖವಾಗಿದ್ದರೆ ಕೆಲಸ ಆಗುತ್ತದೆ, ಆದರೆ ಇನ್ನೊಂದು ಭಾಗ ಬೇಕಾಗುತ್ತದೆ, ಮತ್ತು ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಕ್ಕಿಬಿಡುತ್ತದೆ.

ಇದಕ್ಕೆ ಕಾರಣ ಚೈನಿನ ಬಿಗಿ. ಹಿಂದಿನ ಗೇರುಗಳ ಕೆಳಗೆ ನೇತಾಡುವ ಡಿರೇಲರ್ ಎರಡು ಕೆಲಸ ಮಾಡುತ್ತದೆ. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವುದು ಎಲ್ಲರಿಗೂ ಗೊತ್ತು. ಒಳಗಿನ ಸ್ಪ್ರಿಂಗಿನ ಬಲದಿಂದ ಚೈನಿನ ಸಡಿಲವನ್ನು ಸದಾ ಎಳೆದು ಹಿಡಿದಿರುವ ಕೆಲಸ ಮಾತ್ರ ಅದನ್ನು ಬಿಚ್ಚಿದ ಮೇಲೆಯೇ ಅರಿವಿಗೆ ಬರುತ್ತದೆ. ನಮ್ಮ ಅಪ್ಪಂದಿರ ಕಾಲದ ಕಪ್ಪು ಸೈಕಲ್ಲಿನಲ್ಲಿ ಚೈನು ಜೋತುಬಿದ್ದರೆ ಶಾಪಿನವರು ಹಿಂಚಕ್ರದ ಎರಡು ನಟ್ಟುಗಳನ್ನು ಸಡಿಲಿಸಿ, ಚಕ್ರವನ್ನು ಹಿಂದಕ್ಕೆಳೆದು, ಮತ್ತೆ ಬಿಗಿ ಮಾಡಿ ಕಳಿಸುತ್ತಿದ್ದರು. ಸೀಳು ಉದ್ದಕ್ಕಿದ್ದುದರಿಂದ ಅದು ಸಾಧ್ಯವಿತ್ತು. ನೆಟ್ಟಗಿನ ಸೀಳಿನಲ್ಲಿ ಚಕ್ರ ಮೇಲೆ ಹೋಗಿ ಕೂತಿತೆಂದರೆ ಹಿಂದೆ ಮುಂದೆ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಚೈನಿನ ಕೊಂಡಿಗಳಾದರೋ ಅರ್ಧ ಅರ್ಧ ಇಂಚಿನವು, ಒಳಕೊಂಡಿ ಮತ್ತು ಹೊರಕೊಂಡಿ ಜೋಡಿಯಾಗಿಯೇ ಸೇರಬೇಕಾದ್ದರಿಂದ ಚೈನನ್ನು ಒಂದೊಂದು ಇಂಚಿನಂತೆಯೇ ಉದ್ದ ಗಿಡ್ಡ ಮಾಡಬಹುದು. ಒಂದು ಇಂಚು ಚೈನು ತೆಗೆದರೆ ಆಕ್ಸಲ್ ಅರ್ಧ ಇಂಚು, ಅಂದರೆ ಸುಮಾರು 13 ಮಿ.ಮೀ. ಮುಂದೆ ಬರಬೇಕು. ಆ ಜಾಗವೇ ಇಲ್ಲದಿದ್ದರೆ ಚೈನು ಒಂದೋ ಸೇರುವುದಿಲ್ಲ, ಇಲ್ಲವೇ ಜೋಲುತ್ತದೆ.

ನಿಮ್ಮದು ಕಬ್ಬಿಣದ ಫ್ರೇಮಿನ ಸಾಧಾರಣ ಬೆಲೆಯ ಸೈಕಲ್ಲಾಗಿದ್ದು, ಡಿರೇಲರ್ ಅನ್ನು ಫ್ರೇಮಿಗೆ ನೇರವಾಗಿ ಕೂರಿಸದೆ, ಒಂದು ದಪ್ಪ ತಗಡಿನ ಪಟ್ಟಿಯ ಮೂಲಕ ಆಕ್ಸಲ್ ಪಕ್ಕಕ್ಕೆ ಸಿಕ್ಕಿಸಿದ್ದರೆ, ಸೀಳು ಉದ್ದಕ್ಕಿರುವ ಸಾಧ್ಯತೆಯೇ ಹೆಚ್ಚು. ಆ ಪಟ್ಟಿಯನ್ನು ಬಿಚ್ಚಿದರೆ ಸೀಳು ಪೂರ್ತಿ ಕಾಣುತ್ತದೆ. ನೆಟ್ಟಗಿನ ಸೀಳಾಗಿದ್ದರೆ ಚೈನ್ ಟೆನ್ಷನರ್ ಎಂಬ, ಸಣ್ಣ ಹಲ್ಲಿನ ಗಾಲಿಯಿರುವ ತೋಳನ್ನು ಹಾಕಿಸಬೇಕು. ಅದನ್ನೂ ಕೊಳ್ಳದೆ ಕೆಲಸ ಸಾಗಿಸುವ ಉಪಾಯವೊಂದಿದೆ. ಕೆಟ್ಟಿರುವುದು ಶಿಫ್ಟರ್ ಮಾತ್ರವಾಗಿದ್ದು ಹಿಂದಿನ ಡಿರೇಲರ್ ಸುಸ್ಥಿತಿಯಲ್ಲಿದ್ದರೆ, ಅದರ ಕೇಬಲ್ಲನ್ನು ತೆಗೆದು, ಪಕ್ಕದಲ್ಲಿರುವ ಎರಡು ಸಣ್ಣ ತಿರುಪುಗಳನ್ನು ತಿರುಗಿಸಿ, ಗಾಲಿಗಳು ನೀವು ಇಟ್ಟುಕೊಳ್ಳುವ ಒಂದೇ ಗೇರಿನ ಸರಿ ಕೆಳಗೆ ನಿಲ್ಲುವಂತೆ ಮಾಡಿದರೆ ಹಳೆಯ ಡಿರೇಲರೇ ಟೆನ್ಷನರ್ ಆಗುತ್ತದೆ. ನೋಡಲು ಅಂದವಿಲ್ಲ ಎನ್ನುವವರಿದ್ದಾರೆ. ಒಂದೇ ಗೇರಿನ ಸವಾರಿ ತಮಗೆ ಒಗ್ಗುತ್ತದೆಯೇ ಎಂದು ಕಾಸು ಖರ್ಚಿಲ್ಲದೆ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಯಾವ ಗೇರು ಇಟ್ಟುಕೊಳ್ಳಬೇಕು ಎಂಬುದು ಮುಂದಿನ ವಿಚಾರ. ಪೆಡಲ್ಲಿನ ಬಳಿಯ ಹಲ್ಲುಗಾಲಿಯಾದ ಚೈನ್‌ವೀಲಿನ ಹಲ್ಲುಗಳನ್ನು, ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಹಿಂದಿನ ಹಲ್ಲುಗಾಲಿಯಾದ ಫ್ರೀವೀಲಿನ ಹಲ್ಲುಗಳಿಂದ ಭಾಗಿಸಿ, ಬಂದದ್ದನ್ನು ಚಕ್ರದ ಇಂಚುಗಳಿಂದ ಗುಣಿಸಿದರೆ ಸಿಗುವ ಅಂಕೆಗೆ ಗೇರ್ ಇಂಚು ಎನ್ನುತ್ತಾರೆ. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರವಿದ್ದ ಹತ್ತೊಂಬತ್ತನೆಯ ಶತಮಾನದ ಸೈಕಲ್ಲಿನಲ್ಲಿ ಪೆಡಲ್ಲು ಮುಂಚಕ್ರಕ್ಕೇ ಇರುತ್ತಿದ್ದುದರಿಂದ ಚಕ್ರದ ಅಳತೆಯೇ ಗೇರಾಗಿತ್ತು. ಅದರ ನೆನಪು ಈ ಲೆಕ್ಕದಲ್ಲಿ ಉಳಿದುಕೊಂಡಿದೆ. ನಮ್ಮ ಮನೆಯ ಹಳೆಯ 28 ಇಂಚಿನ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲುಗಳಿದ್ದವು: 68 ಇಂಚು. ಅದರಲ್ಲಿ ಸಪಾಟು ರಸ್ತೆಯಲ್ಲಿ ಸೊಗಸಾಗಿ ಹೋಗಬಹುದಿತ್ತು, ಏರು ಬಂದರೆ ಇಳಿದು ತಳ್ಳುವುದು ರೂಢಿಯಾಗಿತ್ತು. ನಿಮ್ಮ 26 ಇಂಚಿನ ಚಕ್ರಕ್ಕೆ ಮುಂದೆ 38, ಹಿಂದೆ 16 ಹಲ್ಲುಗಳನ್ನು ಹಾಕಿದರೆ ಸುಮಾರು 62 ಇಂಚು, 38ಕ್ಕೆ 18 ಹಾಕಿದರೆ ಸುಮಾರು 55 ಇಂಚು ಬರುತ್ತದೆ. ರಾಯಚೂರು, ಬಳ್ಳಾರಿಯಂತಹ ಬಯಲಿನಲ್ಲಿ 65ರ ಆಸುಪಾಸು ನಡೆಯುತ್ತದೆ. ಬೆಂಗಳೂರಿನ ಏರಿಳಿತಗಳಿಗೆ 60ರ ಹತ್ತಿರದ್ದು ಹಿತ. ಮಂಗಳೂರು, ಮಡಿಕೇರಿಗಳಲ್ಲಿ 55ಕ್ಕಿಂತ ಮೇಲೆ ಹೋದರೆ ಮೊಣಕಾಲು ಮಾತಾಡಲು ಶುರುಮಾಡುತ್ತದೆ. 60 ಇಂಚಿನ ಗೇರಿನಲ್ಲಿ ಪೆಡಲ್ಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 4.8 ಮೀಟರ್ ಸಾಗುತ್ತದೆ. ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ 20 ಕಿ.ಮೀ. ವೇಗ.

ಮುಂದಿನ ಮೂರು ಚೈನ್‌ವೀಲ್‌ಗಳು ಬೋಲ್ಟಿನಿಂದ ಕೂತಿದ್ದರೆ ಬೇಡದವನ್ನು ಬಿಚ್ಚಿ, ಉಳಿದದ್ದಕ್ಕೆ ಗಿಡ್ಡ ಬೋಲ್ಟುಗಳನ್ನು ಹಾಕಬೇಕು. ಇಂತಹ ಸೈಕಲ್ಲುಗಳಲ್ಲಿ ಅವು ಸಾಮಾನ್ಯವಾಗಿ ರಿವೆಟ್ ಹೊಡೆದವು. ಹಾಗಿದ್ದರೆ ಕೊರೆಯಲು ಹೋಗಬೇಡಿ, ನಡುವಿನದನ್ನು ಬಳಸಿ; ದೊಡ್ಡದು ಪ್ಯಾಂಟಿಗೆ ಗ್ರೀಸು ತಾಗದಂತೆ ಹೊರಗಡೆ ತಡೆಯಾಗಿರಲಿ.

ನಿಜವಾದ ಕಷ್ಟವಿರುವುದು ಹಿಂದಿನ ಆರು ಗೇರುಗಳ ಫ್ರೀವೀಲನ್ನು ಹಬ್ಬಿನಿಂದ, ಅಂದರೆ ಕಡ್ಡಿಗಳು ಬಂದು ಸೇರುವ ಚಕ್ರದ ನಡುಭಾಗದಿಂದ ಬಿಚ್ಚುವುದರಲ್ಲಿ. ಅದು ಮರೆಯ ಮೇಲೆ, ಅಂದರೆ ಥ್ರೆಡ್ಡಿನ ಮೇಲೆ ಕೂತಿರುತ್ತದೆ; ನೀವು ಪ್ರತಿ ಸಲ ಪೆಡಲ್ಲು ತುಳಿದಾಗಲೂ ಅದು ಇನ್ನಷ್ಟು ಬಿಗಿಯುತ್ತದೆ. ಹತ್ತು ವರ್ಷ ತುಳಿದದ್ದನ್ನು ಒಂದು ಸಂಜೆಯಲ್ಲಿ ಬಿಚ್ಚುವುದು ಸುಲಭವಲ್ಲ. ನನ್ನ ಸೈಕಲ್ಲನ್ನು ಮೊದಲು ಕೊಟ್ಟ ಶಾಪಿನಲ್ಲಿ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರು. ಫ್ರೀವೀಲಿನ ಹೊರಗಿನ ರಿಂಗು ಸಡಿಲಗೊಂಡು, ಒಳಗಿನ ಸಾಸಿವೆಯಷ್ಟಿದ್ದ ಬಾಲ್‌ಗಳೆಲ್ಲ ಫುಟ್‌ಪಾತಿನ ಮೇಲೆ ಚೆಲ್ಲಿಹೋದವು, ಫ್ರೀವೀಲಿನ ಒಳಭಾಗ ಮಾತ್ರ ಹಬ್ಬಿಗೆ ಕಚ್ಚಿಕೊಂಡೇ ಉಳಿಯಿತು. ಎರಡನೆಯ ಶಾಪಿನ ಅಜ್ಜ ಆ ತುಣುಕನ್ನು ಬೆಂಚ್ ವೈಸಿನ ದವಡೆಗೆ ಸಿಕ್ಕಿಸಿ, ಚಕ್ರದ ಎರಡು ಬದಿ ಹಿಡಿದು ಬಸ್ಸಿನ ಸ್ಟೇರಿಂಗ್ ತಿರುಗಿಸುವಂತೆ ಎಡಕ್ಕೆ ತಿರುಗಿಸಿದರು. ಮೂರನೆಯ ಎಳೆತಕ್ಕೆ ‘ಟಕ್’ ಎಂದು ಬಿಟ್ಟುಕೊಂಡಿತು. ಕೈ ಹಾಕದ ಫ್ರೀವೀಲಾದರೆ ಅದರ ಒಳಗಿನ ಕಚ್ಚುಗಳಿಗೆ ಸರಿಹೊಂದುವ ರಿಮೂವರನ್ನು ವೈಸಿಗೆ ಕಚ್ಚಿಸಿ ಇದೇ ರೀತಿ ತಿರುಗಿಸುವುದು ಸರಿಯಾದ ಕ್ರಮ. ರಿಮೂವರ್ ಇಲ್ಲದ ಶಾಪಿಗೆ ಕೊಡಬೇಡಿ. ಹೊಸ ರಿಮ್ಮು ಹಾಕಿಸುವ ಆಲೋಚನೆಯಿದ್ದರೂ ಫ್ರೀವೀಲ್ ತೆಗೆಯುವ ಮೊದಲು ಕಡ್ಡಿಗಳನ್ನು ಕತ್ತರಿಸಿಬಿಡಬೇಡಿ. ಆಮೇಲೆ ಹಿಡಿದು ತಿರುಗಿಸಲು ಚಕ್ರವೇ ಇರುವುದಿಲ್ಲ.

ಅದೇ ಮರೆಗೆ ಒಂದೇ ಗೇರಿನ ಸಾಧಾರಣ ಫ್ರೀವೀಲ್ ಕೂರುತ್ತದೆ. ಹಾಗೆ ಕೂತಾಗ ಅದು ತೀರಾ ಒಳಗೆ, ಹಳೆಯ ದೊಡ್ಡ ಗೇರು ಇದ್ದಲ್ಲಿ ನಿಲ್ಲುವುದರಿಂದ ಚೈನು ಓರೆಯಾಗುತ್ತದೆ. ಇದಕ್ಕೆ ಪರಿಹಾರವಾಗಿ ಆಕ್ಸಲ್ಲಿನ ಬಲಗಡೆಯ ವಾಷರುಗಳಲ್ಲಿ ಕೆಲವನ್ನು ಎಡಕ್ಕೆ ಹಾಕಿ ಹಬ್ಬನ್ನು ಬಲಕ್ಕೆ ಸರಿಸಬೇಕು, ರಿಮ್ಮು ಮತ್ತೆ ಫ್ರೇಮಿನ ನಟ್ಟನಡುವೆ ಬರುವಂತೆ ಕಡ್ಡಿಗಳನ್ನು ಬಿಗಿದು ಸಡಿಲಿಸಬೇಕು. ಬೆಂಡ್ ತೆಗೆಯಲು ಬಲ್ಲವರಿಗೆ ಇದು ಅರ್ಧ ಗಂಟೆಯ ಕೆಲಸ. ಇದರಿಂದ ಇನ್ನೊಂದು ಲಾಭವೂ ಇದೆ: ಗೇರ್ ಸೈಕಲ್ಲಿನಲ್ಲಿ ಬಲಗಡೆಯ ಕಡ್ಡಿಗಳು ಬಿಗಿಯಾಗಿ, ಎಡಗಡೆಯವು ಸಡಿಲವಾಗಿ ಇರುತ್ತಿದ್ದವು, ಈಗ ಎರಡೂ ಬದಿ ಹೆಚ್ಚುಕಡಿಮೆ ಸಮನಾಗಿ ಚಕ್ರ ಗಟ್ಟಿಯಾಗುತ್ತದೆ. ನಿಮ್ಮದು ಗೇರುಗಳು ಮರೆಯ ಮೇಲೆ ಬಿಗಿಯದೆ ಕಚ್ಚುಗಳ ಮೇಲೆ ಜಾರಿ ಕೂರುವ ಕ್ಯಾಸೆಟ್ ಹಬ್ಬಾಗಿದ್ದರೆ ಈ ಪಾಡು ಬೇಕಿಲ್ಲ, ಒಂದು ಗೇರು ಮತ್ತು ಅದರ ಎರಡು ಪಕ್ಕ ಅಳತೆಯ ಬಳೆಗಳು ಸಾಕು. ಯಾವುದಾದರೂ ಸರಿ, ಕೊನೆಗೆ ಮುಂದಿನ ಚೈನ್‌ವೀಲಿನ ಮಗ್ಗುಲಿಗೆ ಒಂದು ದಾರವನ್ನು ಎಳೆದು ಹಿಡಿದರೆ ಅದು ಹಿಂದಿನ ಗೇರಿನ ಮಗ್ಗುಲಿಗೂ ತಾಗಿ ನೇರ ನಿಲ್ಲಬೇಕು.

ಹೊಸ ಗೇರಿಗೆ ಹಳೆಯ ಚೈನು ಹಾಕಿ ಉಳಿತಾಯ ಮಾಡಬೇಡಿ. ಸವೆದ ಚೈನು ಹೊಸ ಹಲ್ಲುಗಳನ್ನೂ ಬೇಗ ಸವೆಸುತ್ತದೆ. ಕೊಳ್ಳುವಾಗ ಅಗಲ ನೋಡಿಕೊಳ್ಳಿ. ಕಪ್ಪು ಸೈಕಲ್ಲುಗಳ ಚೈನು 1/8 ಇಂಚಿನದು, ಆರೇಳು ಗೇರುಗಳದ್ದು 3/32 ಇಂಚಿನದು. ಅಗಲದ ಚೈನು ತೆಳು ಹಲ್ಲಿನ ಮೇಲೆ ಓಡುತ್ತದೆ, ತೆಳು ಚೈನು ದಪ್ಪ ಹಲ್ಲಿನ ಮೇಲೆ ಕೂರುವುದೇ ಇಲ್ಲ. ಚಕ್ರವನ್ನು ಎಳೆದು ಕಟ್ಟಿದ ಮೇಲೆ ಪೆಡಲ್ಲನ್ನು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಚೈನ್‌ವೀಲುಗಳು ಕರಾರುವಾಕ್ಕಾಗಿ ದುಂಡಗಿರುವುದಿಲ್ಲವಾದ್ದರಿಂದ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಕಾಣುತ್ತದೆ. ಅತಿ ಬಿಗಿಯಾದ ಜಾಗದಲ್ಲೂ ಚೈನಿನ ನಡುಭಾಗ ಬೆರಳಿಗೆ ತುಸು ಆಡುವಂತಿದ್ದರೆ ಸರಿ.

ಇನ್ನು ಫಿಕ್ಸೆಡ್ ಗೇರು. ಮಕ್ಕಳ ಮೂರು ಚಕ್ರದ ಸೈಕಲ್ಲನ್ನು ನೆನಪಿಸಿಕೊಂಡರೆ ಅದರ ಗುಟ್ಟು ತಿಳಿಯುತ್ತದೆ: ಚಕ್ರ ತಿರುಗುತ್ತಿರುವಷ್ಟು ಹೊತ್ತೂ ಪೆಡಲ್ಲು ತಿರುಗುತ್ತಲೇ ಇರುತ್ತದೆ. ಫ್ರೀವೀಲಿನ ಒಳಗೆ ಕಟಕಟ ಸದ್ದು ಮಾಡುವ ಸಣ್ಣ ನಾಲಿಗೆಗಳು ಇದರಲ್ಲಿ ಇಲ್ಲ, ಇಳಿಜಾರಿನಲ್ಲಿ ಕಾಲಿಗೆ ವಿರಾಮವಿಲ್ಲ. ವೆಲೊಡ್ರೋಮ್ ಎಂಬ ಸೈಕಲ್ ಪಂದ್ಯದ ಅಂಕಣಗಳಲ್ಲಿ ಓಡುವ ಟ್ರ್ಯಾಕ್ ಸೈಕಲ್ಲುಗಳೆಲ್ಲ ಹೀಗೆಯೇ ಇರುತ್ತವೆ. 2010ರ ಕಾಮನ್‌ವೆಲ್ತ್ ಕೂಟಕ್ಕಾಗಿ ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದಲ್ಲಿ ಕಟ್ಟಿದ ಮರದ ಹಾಸಿನ ಓರೆ ಅಂಕಣದಲ್ಲಿ ಬ್ರೇಕೂ ಇಲ್ಲದೆ ಓಡಿಸುತ್ತಾರೆ. ಟೂರ್ ಡಿ ಫ್ರಾನ್ಸ್ ಎಂಬ ಫ್ರಾನ್ಸಿನ ರಸ್ತೆ ಸೈಕಲ್ ಪಂದ್ಯದಲ್ಲಿ 1937ರವರೆಗೆ ಡಿರೇಲರ್‌ಗೆ ಅನುಮತಿಯಿರಲಿಲ್ಲ. ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಎರಡು ಬದಿಗೆ ಎರಡು ಅಳತೆಯ ಗೇರುಗಳಿದ್ದ ಹಿಂಚಕ್ರವನ್ನು ತಿರುವಿ ಹಾಕಿಕೊಂಡು ಹತ್ತುತ್ತಿದ್ದರು. ವೇಗ ಕಾಲಿನ ಹಿಡಿತದಲ್ಲೇ ಇರುವ ಫಿಕ್ಸೆಡ್ ಗೇರಿನ ಅನುಭವಕ್ಕೆ ಮರುಳಾದವರನ್ನು ನಾನು ದೂರುವುದಿಲ್ಲ.

ನಿಮ್ಮ ಸೈಕಲ್ಲಿಗೆ ಮಾತ್ರ ಅದನ್ನು ಹಾಕಿಸಬೇಡಿ ಎನ್ನುತ್ತೇನೆ. ಫಿಕ್ಸೆಡ್ ಗೇರಿನಲ್ಲಿ ವೇಗ ತಗ್ಗಿಸಲು ಕಾಲನ್ನು ಹಿಂದಕ್ಕೆ ಒತ್ತಿದಾಗ ಚೈನಿನ ಕೆಳಭಾಗ ಬಿಗಿಯುತ್ತದೆ. ಟೆನ್ಷನರ್ ಇರುವುದು ಅಲ್ಲಿಯೇ ಆದ್ದರಿಂದ ಅದು ಬಾಗುತ್ತದೆ ಅಥವಾ ಮುರಿಯುತ್ತದೆ. ಹಾಗಾಗಿ ಸೀಳು ನೆಟ್ಟಗಿದ್ದರೆ ಫಿಕ್ಸೆಡ್ ಮಾತನ್ನು ಅಲ್ಲಿಗೇ ಬಿಡಬೇಕು. ಸೀಳು ಉದ್ದಕ್ಕಿದ್ದರೂ ಹಬ್ಬಿನ ಸಮಸ್ಯೆ ಉಳಿಯುತ್ತದೆ. ಫಿಕ್ಸೆಡ್ ಗೇರು ಸಾಧಾರಣ ಫ್ರೀವೀಲಿನ ಮರೆಗೆ ಕೂರುತ್ತದಾದರೂ ಕಾಲನ್ನು ಹಿಂದಕ್ಕೆ ಒತ್ತಿದಾಗ ಬಿಚ್ಚಿಕೊಳ್ಳಲು ನೋಡುತ್ತದೆ. ಟ್ರ್ಯಾಕ್ ಹಬ್ಬಿನಲ್ಲಿ ಇದನ್ನು ತಡೆಯಲೆಂದೇ ಎರಡನೆಯ, ಉಲ್ಟಾ ಮರೆಯಿದ್ದು ಅದರ ಮೇಲೆ ಲಾಕ್‌ರಿಂಗ್ ಬೀಳುತ್ತದೆ: ಗೇರು ಬಿಚ್ಚಲು ಹೊರಟರೆ ರಿಂಗು ಬಿಗಿಯುತ್ತದೆ. ಸಾಧಾರಣ ಹಬ್ಬಿಗೆ ಗೇರನ್ನು ಅಂಟಿನಿಂದ ಹಿಡಿಸಿಯೋ ವೆಲ್ಡಿಂಗ್ ಮಾಡಿಸಿಯೋ ಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಟ್ರ್ಯಾಕ್ ಹಬ್ಬಿನ ಚಕ್ರವನ್ನೇ ತರಿಸಿದರೂ ಅದರ ಅಗಲ ಸಾಮಾನ್ಯವಾಗಿ 120 ಮಿ.ಮೀ., ಗೇರ್ ಸೈಕಲ್ಲಿನ ಹಿಂಭಾಗದ್ದು 130 ಅಥವಾ 135. ನಡುವಿನ ಜಾಗವನ್ನು ವಾಷರುಗಳಿಂದ ತುಂಬಬೇಕೇ ಹೊರತು ನಟ್ಟು ಬಿಗಿದು ಅಲ್ಯೂಮಿನಿಯಂ ಫ್ರೇಮನ್ನು ಅಮುಕಬಾರದು.

ಎಲ್ಲ ಸರಿಹೊಂದಿ, ಹಾಕಿಸಿಯೇ ತೀರುತ್ತೇನೆ ಎಂದರೆ ಎರಡೂ ಬ್ರೇಕುಗಳನ್ನು ಉಳಿಸಿಕೊಳ್ಳಿ. ಕಾಲಿನಿಂದ ತಡೆಯುವುದು ಹಿಂಚಕ್ರವನ್ನು ಮಾತ್ರ, ಸೈಕಲ್ಲನ್ನು ಗಟ್ಟಿಯಾಗಿ ನಿಲ್ಲಿಸುವುದು ಮುಂದಿನ ಬ್ರೇಕು. ನಂದಿ ಬೆಟ್ಟದ ಇಳಿಜಾರಿನಲ್ಲಿ ಸೈಕಲ್ಲು ಗಂಟೆಗೆ 40 ಕಿ.ಮೀ. ಮುಟ್ಟಿದರೆ 60 ಇಂಚಿನ ಗೇರಿನಲ್ಲಿ ಕಾಲು ನಿಮಿಷಕ್ಕೆ ಸುಮಾರು 140 ಸುತ್ತು ತಿರುಗಬೇಕಾಗುತ್ತದೆ, ಬೇಡವೆಂದರೂ ಪೆಡಲ್ಲು ಕೇಳುವುದಿಲ್ಲ. ರಸ್ತೆಯ ಹಂಪ್ ದಾಟುವಾಗ ಪೆಡಲ್ಲನ್ನು ಸಮನಾಗಿ ಹಿಡಿದಿಡಲಾಗದು, ತಿರುವಿನಲ್ಲಿ ವಾಲಿದರೆ ಅದು ನೆಲಕ್ಕೆ ತಾಗಬಹುದು. ಪಂಚೆಯಂಚೋ ವೇಲೋ ಚೈನಿಗೆ ಸಿಕ್ಕರೆ ಕಾಲು ನಿಲ್ಲಿಸಿ ಬಿಡಿಸಿಕೊಳ್ಳುವ ಅವಕಾಶವಿಲ್ಲ. ಚಕ್ರವನ್ನು ತಿರುಗಿಸುತ್ತಾ ಬಟ್ಟೆಯಲ್ಲಿ ಚೈನು ಒರೆಸುವ ಅಭ್ಯಾಸವಿದ್ದರೆ ಮೊದಲು ಅದನ್ನು ಬಿಡಿ, ಬೆರಳು ಹೋದವರಿದ್ದಾರೆ. ಕಾಲಿನಿಂದ ಹಿಂಚಕ್ರವನ್ನು ತಡೆಹಿಡಿದು ಜಾರಿಸುವ ಚಪಲವಿದ್ದವರು ಹಲ್ಲಿನ ಲೆಕ್ಕ ಗಮನಿಸಲಿ: 48ಕ್ಕೆ 16 ಇದ್ದರೆ ಟಯರು ಪ್ರತಿ ಸಲವೂ ಅದೇ ಒಂದು ಜಾಗದಲ್ಲಿ ಸವೆಯುತ್ತದೆ, 46ಕ್ಕೆ 17 ಇದ್ದರೆ 17 ಜಾಗಗಳಿಗೆ ಹಂಚಿಹೋಗುತ್ತದೆ.

ಸದ್ಯಕ್ಕೆ ಫ್ರೀವೀಲ್ ಹಾಕಿಸಿಕೊಂಡು ಓಡಿಸಿ. ಹೊಸ ಫ್ರೀವೀಲು ಮೊದಲ ಕೆಲವು ಏರುಗಳಲ್ಲಿ ಇನ್ನಷ್ಟು ಬಿಗಿಯುತ್ತದೆ, ಹೊಸ ಚೈನೂ ತುಸು ಸಡಿಲಬೀಳುತ್ತದೆ. ಮೊದಲ ವಾರ ಚೀಲದಲ್ಲಿ 15ರ ಸ್ಪ್ಯಾನರೊಂದು ಇರಲಿ.