ಒಂದೇ ಡಾಲರ್, ಹತ್ತು ರೋಲಪ್: ಚೆದುರಿದ ಲಿಕ್ವಿಡಿಟಿ ಒಂದಾಗಲು ಇಷ್ಟು ಕಾಲ ಏಕೆ?

ಒಂದು ಪೂಲ್‌ನಲ್ಲಿ, ಅಂದರೆ ಎರಡು ಕ್ರಿಪ್ಟೋ ಟೋಕನ್‌ಗಳನ್ನು ಅದಲುಬದಲು ಮಾಡಲು ಇಟ್ಟ ಗಂಟಿನಲ್ಲಿ, 1,000 ಈಥರ್ (ಇಥೀರಿಯಂ ಜಾಲದ ನಾಣ್ಯ) ಮತ್ತು 30 ಲಕ್ಷ ಯುಎಸ್‌ಡಿಸಿ (ತಲಾ ಒಂದು ಡಾಲರ್ ಬೆಲೆಯ ಟೋಕನ್) ಇದೆ ಎಂದಿಟ್ಟುಕೊಳ್ಳಿ. ಒಂದು ಈಥರ್‌ಗೆ 3,000 ಡಾಲರ್ ಆಯಿತು. ಎರಡೂ ಕಡೆಯ ಮೊತ್ತಗಳ ಗುಣಲಬ್ಧ ಬದಲಾಗದಂತೆ ನೋಡಿಕೊಳ್ಳುವ ಹಳೆಯ ಸೂತ್ರದ ಪ್ರಕಾರ, ಇಲ್ಲಿ 1 ಲಕ್ಷ ಡಾಲರ್ ಕೊಟ್ಟವರಿಗೆ ಶುಲ್ಕ ಬಿಟ್ಟು 32.26 ಈಥರ್ ಸಿಗುತ್ತದೆ; ಸರಾಸರಿ ಬೆಲೆ 3,100. ಇದೇ ಪೂಲ್‌ನ ಹಣವನ್ನು ಐದು ನೆಟ್‌ವರ್ಕ್‌ಗಳಿಗೆ ಸಮನಾಗಿ ಹಂಚಿ, ಅದರಲ್ಲೊಂದರಲ್ಲಿ ಅಷ್ಟೇ ಖರೀದಿ ಮಾಡಿದರೆ ಕೈಗೆ ಬರುವುದು 28.57 ಈಥರ್, ಸರಾಸರಿ ಬೆಲೆ 3,500. ಒಟ್ಟು ಹಣ ಒಂದು ಪೈಸೆಯೂ ಕಡಿಮೆಯಾಗಿಲ್ಲ. ಆದರೂ ಖರೀದಿದಾರನ ನಷ್ಟ 3.2%ರಿಂದ 14.3%ಕ್ಕೆ ಏರಿತು. ಲಿಕ್ವಿಡಿಟಿ, ಅಂದರೆ ವ್ಯಾಪಾರಕ್ಕೆ ಸಿಗುವ ಹಣ, ಚೂರಾಗುವುದು ಎಂದರೆ ಇದೇ.

ಇದು ಅಕಸ್ಮಾತ್ತಾಗಿ ಬಂದ ತೊಂದರೆಯಲ್ಲ, ಜಾಲದ ದಟ್ಟಣೆ ತಗ್ಗಿಸಲು ತಿಳಿದೇ ತೆತ್ತ ಬೆಲೆ. 2017ರ ಕೊನೆಯಲ್ಲಿ ಕ್ರಿಪ್ಟೋಕಿಟ್ಟೀಸ್ ಎಂಬ ಒಂದೇ ಆಟ ಇಥೀರಿಯಂ ಜಾಲವನ್ನು ಕಟ್ಟಿಹಾಕಿತ್ತು. ಅದೇ ವರ್ಷ ಭಾರತದಲ್ಲಿ ಈ ಹೊರೆ ತಗ್ಗಿಸುವ ಮ್ಯಾಟಿಕ್ ಎಂಬ ಯೋಜನೆ ಶುರುವಾಯಿತು. 2021ರಲ್ಲಿ ಅದರ ಹೆಸರು ಪಾಲಿಗಾನ್ ಆಯಿತು. 2020ರ ಅಕ್ಟೋಬರ್‌ನಲ್ಲಿ ಇಥೀರಿಯಂನ ಸಹಸಂಸ್ಥಾಪಕ ವಿಟಾಲಿಕ್ ಬುಟೆರಿನ್ ರೋಲಪ್ ಎಂಬ ಹೊರಜಾಲಗಳನ್ನೇ ಕೇಂದ್ರವಾಗಿಟ್ಟುಕೊಂಡ ಮಾರ್ಗಸೂಚಿಯನ್ನು ಮುಂದಿಟ್ಟರು: ವ್ಯವಹಾರ ಹೊರಗಿನ ಜಾಲಗಳಲ್ಲಿ ನಡೆಯಲಿ, ಮೂಲ ಜಾಲ ಅವುಗಳ ದತ್ತಾಂಶವನ್ನೂ ಪುರಾವೆಯನ್ನೂ ಕಾಯಲಿ. 2021ರ ಆಗಸ್ಟ್‌ನಲ್ಲಿ ಆರ್ಬಿಟ್ರಂ ಒನ್, ವರ್ಷಾಂತ್ಯಕ್ಕೆ ಆಪ್ಟಿಮಿಸಂ ಎಂಬ ರೋಲಪ್‌ಗಳು ಎಲ್ಲರಿಗೂ ತೆರೆದವು. 2023ರಲ್ಲಿ ಝೆಡ್‌ಕೆಸಿಂಕ್ ಎರಾ, ಪಾಲಿಗಾನ್ ಝೆಡ್‌ಕೆಇವಿಎಂ, ಬೇಸ್ ಸೇರಿಕೊಂಡವು. 2024ರ ಮಾರ್ಚ್ 13ರ ಡೆನ್‌ಕುನ್ ಅಪ್‌ಗ್ರೇಡ್ ಬ್ಲಾಬ್‌ಗಳನ್ನು (ರೋಲಪ್ ದತ್ತಾಂಶಕ್ಕೆಂದೇ ಇರುವ ಅಗ್ಗದ ಜಾಗ) ತಂದ ಮೇಲೆ ರೋಲಪ್ ನಡೆಸುವ ಖರ್ಚು ತೀರಾ ಇಳಿಯಿತು. ಅಲ್ಲಿಂದಾಚೆ ಹೊಸ ರೋಲಪ್ ಕಟ್ಟಲು ಹಿಂಜರಿಯುವ ಕಾರಣವೇ ಉಳಿಯಲಿಲ್ಲ. ಪ್ರತಿಯೊಂದಕ್ಕೂ ತನ್ನದೇ ಸೀಕ್ವೆನ್ಸರ್ (ವ್ಯವಹಾರಗಳನ್ನು ಸಾಲಾಗಿ ಜೋಡಿಸುವ ಯಂತ್ರ), ತನ್ನದೇ ಖಾತೆಪುಸ್ತಕ, ತನ್ನದೇ ಬ್ರಿಡ್ಜ್ (ಜಾಲಗಳ ನಡುವೆ ಹಣ ದಾಟಿಸುವ ಸೇತುವೆ), ತನ್ನದೇ ಪೂಲ್.

ಬೆಂಗಳೂರಿನ ಓದುಗರಿಗೆ ಯುಪಿಐ ನೆನಪಾಗುವುದು ಸಹಜ. ಹಿಂದೆ ಒಂದು ವ್ಯಾಲೆಟ್‌ನ ದುಡ್ಡು ಆ ವ್ಯಾಲೆಟ್‌ನಲ್ಲೇ ಉಳಿಯುತ್ತಿತ್ತು; ಈಗ ಯಾವ ಆ್ಯಪ್‌ನಿಂದ ಯಾವ ಬ್ಯಾಂಕಿಗಾದರೂ ಹೋಗುತ್ತದೆ. ಆದರೆ ಅಲ್ಲಿ ನಡುವೆ ಎನ್‌ಪಿಸಿಐ ಇದೆ, ಬ್ಯಾಂಕ್‌ಗಳ ನಡುವಿನ ಲೆಕ್ಕ ಕೊನೆಗೆ ರಿಸರ್ವ್ ಬ್ಯಾಂಕ್‌ನಲ್ಲಿ ಚುಕ್ತಾ ಆಗುತ್ತದೆ. ನಂಬಿಕಸ್ಥ ಮಧ್ಯವರ್ತಿ ಬೇಡವೆಂದೇ ಹುಟ್ಟಿದ ಜಾಲಗಳಿಗೆ ಆ ದಾರಿ ಇಲ್ಲ. ಅವು ಪುರಾವೆಗಾಗಿ ಕಾಯಲೇಬೇಕು. ಆರ್ಬಿಟ್ರಂ, ಆಪ್ಟಿಮಿಸಂ ಇವುಗಳ ಅಧಿಕೃತ ಬ್ರಿಡ್ಜ್‌ನಿಂದ ಹಣ ಮೂಲ ಜಾಲಕ್ಕೆ ಮರಳಲು ಸುಮಾರು 7 ದಿನ ಬೇಕು. ಯಾರಾದರೂ ಸುಳ್ಳು ಲೆಕ್ಕ ಒಪ್ಪಿಸಿದರೆ ಅದನ್ನು ಪ್ರಶ್ನಿಸಲು, ಪ್ರಶ್ನಿಸುವವರ ವ್ಯವಹಾರವನ್ನೇ ಕೆಲವರು ಸೇರಿ ತಡೆಹಿಡಿದರೂ ಅದು ಹೇಗೋ ದಾಖಲಾಗಲು, ಅಷ್ಟು ಸಮಯ ಬಿಟ್ಟಿದ್ದಾರೆ. ಹಣ ಒಂದಾಗದಿರುವುದರ ಬೇರು ಈ ಕಾಯುವಿಕೆಯಲ್ಲಿದೆ. ಮುಂದಿನ ಪ್ರಯತ್ನಗಳೆಲ್ಲ ಇದನ್ನು ದಾಟಲು ನಡೆದವು.

ಮೊದಲ ಪ್ರಯತ್ನ ದುಬಾರಿಯಾಯಿತು. ಈ ಕಡೆ ಟೋಕನ್‌ಗೆ ಬೀಗ ಹಾಕಿ, ಆ ಕಡೆ ಅದರ ನಕಲನ್ನು ಮುದ್ರಿಸುವ ಬ್ರಿಡ್ಜ್‌ಗಳು ಎಲ್ಲೆಡೆ ಎದ್ದವು. ಬೀಗ ಹಾಕಿದ ಹಣವೆಲ್ಲ ಒಂದೇ ಕಾಂಟ್ರ್ಯಾಕ್ಟ್‌ನಲ್ಲಿ (ಜಾಲದ ಮೇಲೆ ತಾನಾಗಿ ನಡೆಯುವ ಪ್ರೋಗ್ರಾಂ) ಗುಡ್ಡೆ ಬಿದ್ದಿರುತ್ತದೆ. ಅದನ್ನು ಬಿಡಿಸಲು ಕೆಲವೇ ಸಹಿ ಸಾಕು. 2022ರ ಫೆಬ್ರವರಿಯಲ್ಲಿ ವರ್ಮ್‌ಹೋಲ್ ಎಂಬ ಬ್ರಿಡ್ಜ್‌ನ ಸಹಿ ಪರಿಶೀಲನೆಯ ದೋಷ ಬಳಸಿ, ಏನನ್ನೂ ಜಮಾ ಮಾಡದೆ ಕಳ್ಳರು 1,20,000 ನಕಲಿ ಈಥರ್ ಮುದ್ರಿಸಿದರು. ಮಾರ್ಚ್‌ನಲ್ಲಿ ರೋನಿನ್ ಬ್ರಿಡ್ಜ್‌ನ 9 ವ್ಯಾಲಿಡೇಟರ್ ಕೀಗಳಲ್ಲಿ (ವ್ಯವಹಾರಕ್ಕೆ ಒಪ್ಪಿಗೆ ಹಾಕುವ ಗುಪ್ತ ಸಂಕೇತಗಳು) 5 ಕಳ್ಳರ ಕೈಸೇರಿ 60 ಕೋಟಿ ಡಾಲರ್‌ಗೂ ಹೆಚ್ಚು ಹೋಯಿತು. ಆಗಸ್ಟ್‌ನ ನೋಮ್ಯಾಡ್ ಬ್ರಿಡ್ಜ್‌ನ ಪ್ರಕರಣ ಎಂಜಿನಿಯರ್‌ಗಳು ಮತ್ತೆ ಮತ್ತೆ ಓದಬೇಕಾದದ್ದು. ಒಂದು ಅಪ್‌ಗ್ರೇಡ್ ವೇಳೆ ನಂಬಬಹುದಾದ ರೂಟ್‌ನ (ಸಂದೇಶಗಳ ಪಟ್ಟಿಗೆ ಗುರುತಾಗಿರುವ ಸಂಖ್ಯೆ) ಮೌಲ್ಯ ಸೊನ್ನೆಯಾಗಿ ದಾಖಲಾಯಿತು. ಪುರಾವೆಯೇ ಇಲ್ಲದ ಸಂದೇಶದ ರೂಟ್ ಕೂಡ ಸೊನ್ನೆಯೇ ಆದ್ದರಿಂದ, ಬ್ರಿಡ್ಜ್ ಅದನ್ನು ಸಾಬೀತಾದದ್ದೆಂದು ಒಪ್ಪಿತು. ಮೊದಲ ಕಳ್ಳನ ವ್ಯವಹಾರವನ್ನು ನಕಲು ಮಾಡಿ, ವಿಳಾಸ ಬದಲಿಸಿ ಕಳಿಸಿದವರಿಗೆಲ್ಲ ಹಣ ಸಿಕ್ಕಿತು. ಸುಮಾರು 19 ಕೋಟಿ ಡಾಲರ್ ಹೀಗೆ ಹೋಯಿತು.

ಕಳ್ಳತನವಿಲ್ಲದೆಯೂ ನಕಲಿನಿಂದ ತೊಂದರೆ ಇತ್ತು. ಬೇರೆ ಬೇರೆ ಬ್ರಿಡ್ಜ್ ದಾಟಿದ ಒಂದೇ ಯುಎಸ್‌ಡಿಸಿ ಬೇರೆ ಬೇರೆ ಟೋಕನ್ ಆಗುತ್ತಿತ್ತು, ಒಂದೇ ರೋಲಪ್‌ನೊಳಗೂ ಪೂಲ್ ಒಡೆಯುತ್ತಿತ್ತು. ಇದಕ್ಕೆ ನೇರ ಉತ್ತರ ಕೊಟ್ಟದ್ದು ಯುಎಸ್‌ಡಿಸಿಯನ್ನು ಹೊರತರುವ ಸರ್ಕಲ್ ಕಂಪನಿ. 2023ರಲ್ಲಿ ಬಂದ ಸಿಸಿಟಿಪಿ ಎಂಬ ಅದರ ವ್ಯವಸ್ಥೆ ಈ ಕಡೆಯ ಡಾಲರ್ ಸುಟ್ಟು, ಆ ಕಡೆ ಅಸಲಿಯನ್ನೇ ಮುದ್ರಿಸುತ್ತದೆ. ಕೆಲಸ ಅಚ್ಚುಕಟ್ಟು. ಆದರೆ ಕಂಪನಿಯ ದೃಢೀಕರಣವನ್ನು ನಂಬಬೇಕು, ಮತ್ತು ಇದು ಯುಎಸ್‌ಡಿಸಿಗಷ್ಟೇ. ಆರ್ಬಿಟ್ರಂನಲ್ಲಿ ಅಸಲಿ ಬಂದ ನಂತರ ಹಳೆಯ ನಕಲು ಯುಎಸ್‌ಡಿಸಿ.ಇ ಎಂಬ ಹೆಸರಲ್ಲಿ ಉಳಿದುಕೊಂಡಿತು.

ಇಂದು ಬಳಕೆದಾರರು ಕೆಲವೇ ಸೆಕೆಂಡುಗಳಲ್ಲಿ ಬೇಸ್‌ನಿಂದ ಆರ್ಬಿಟ್ರಂಗೆ ದಾಟುತ್ತಿರುವುದು ಸಾಲ್ವರ್‌ಗಳಿಂದ. ‘ಬೇಸ್‌ನಲ್ಲಿ ನನ್ನ 1,000 ಡಾಲರ್ ತೆಗೆದುಕೊಳ್ಳಿ, ಆರ್ಬಿಟ್ರಂನಲ್ಲಿ ಇಂತಿಷ್ಟಕ್ಕೆ ಕಡಿಮೆಯಿಲ್ಲದೆ ಇಷ್ಟು ಹೊತ್ತಿನೊಳಗೆ ಕೊಡಿ’ ಎಂದು ಬಳಕೆದಾರ ಸಹಿ ಹಾಕುತ್ತಾನೆ. ಹಣ ಒಂದು ಕಾಂಟ್ರ್ಯಾಕ್ಟ್‌ನಲ್ಲಿ ಕೂರುತ್ತದೆ. ಸಾಲ್ವರ್ ಆ ಕಡೆ ಸ್ವಂತ ಜೇಬಿನಿಂದ ಕೊಟ್ಟು, ಕೊಟ್ಟದ್ದು ಸಾಬೀತಾದ ಮೇಲೆ ಈ ಕಡೆಯದನ್ನು ಪಡೆಯುತ್ತಾನೆ. 2024ರಲ್ಲಿ ಯೂನಿಸ್ವಾಪ್ ಲ್ಯಾಬ್ಸ್ ಮತ್ತು ಅಕ್ರಾಸ್ ಎಂಬ ಬ್ರಿಡ್ಜ್‌ನವರು ಮುಂದಿಟ್ಟ ಇಆರ್‌ಸಿ-7683 ಎಂಬ ಮಾನದಂಡ ಇಂಥ ಆರ್ಡರ್‌ಗೆ ಒಂದೇ ನಮೂನೆ ಕೊಡುತ್ತದೆ. ಒಬ್ಬ ಸಾಲ್ವರ್ ಹಲವು ಆ್ಯಪ್‌ಗಳ ಆರ್ಡರ್ ಪೂರೈಸಬಹುದು.

ಲಿಕ್ವಿಡಿಟಿ ಒಂದಾಯಿತೆಂದು ಇದನ್ನು ಕರೆಯುವುದನ್ನು ನಾವು ಒಪ್ಪುವುದಿಲ್ಲ. ಇಲ್ಲಿ ಸಾಲ್ವರ್ ಮಾರುತ್ತಿರುವುದು ಸಮಯ. ಅವನ ಬಂಡವಾಳದ ವೆಚ್ಚ ವರ್ಷಕ್ಕೆ 10% ಎಂದುಕೊಳ್ಳೋಣ. ಕೊಟ್ಟ ಹಣ ಮರಳಲು 7 ದಿನ ಹಿಡಿದರೆ ವರ್ಷಕ್ಕೆ 52 ಸುತ್ತು ಮಾತ್ರ; ಪ್ರತಿ 1 ಲಕ್ಷ ಡಾಲರ್‌ಗೆ ಕನಿಷ್ಠ 192 ಡಾಲರ್ ಗಿಟ್ಟಬೇಕು. 1 ಗಂಟೆಯಲ್ಲಿ ಮರಳಿದರೆ 1 ಡಾಲರ್ 14 ಸೆಂಟ್ ಸಾಕು. ಅದಕ್ಕೇ ಅಕ್ರಾಸ್ ತನ್ನ ರಿಲೇಯರ್‌ಗಳಿಗೆ (ಅಲ್ಲಿ ಸಾಲ್ವರ್‌ಗಳ ಹೆಸರು ಇದು) ಹಲವು ಆರ್ಡರ್‌ಗಳನ್ನು ಒಟ್ಟುಗೂಡಿಸಿ ಬೇಗ ಮರುಪಾವತಿ ಮಾಡುತ್ತದೆ. ಹಿಂದೆ ಕನೆಕ್ಸ್ಟ್ ಎಂದಿದ್ದ ಎವರ್‌ಕ್ಲಿಯರ್, ಎದುರುಬದುರು ಹರಿಯುವ ಬಾಕಿಗಳನ್ನು ಒಂದಕ್ಕೊಂದು ವಜಾ ಮಾಡುವ ಮಾದರಿ ತಂದಿತು. ಹರಿವು ಒಂದೇ ದಿಕ್ಕಿಗೆ ತಿರುಗಿದಾಗ ಇದು ಕೆಡುತ್ತದೆ. ಹೊಸ ರೋಲಪ್ ಬಹುಮಾನ ಘೋಷಿಸಿದ ದಿನ ಎಲ್ಲರೂ ಅತ್ತ ಓಡುತ್ತಾರೆ, ವಜಾ ಮಾಡಲು ಎದುರು ಬಾಕಿಯೇ ಇರುವುದಿಲ್ಲ, ಸಾಲ್ವರ್‌ನ ದಾಸ್ತಾನು ಖಾಲಿಯಾಗುತ್ತದೆ, ದರ ಏರುತ್ತದೆ.

ಬೇರಿಗೇ ಕೈಹಾಕಿದವರೂ ಇದ್ದಾರೆ. ಪಾಲಿಗಾನ್‌ನ ಆಗ್‌ಲೇಯರ್ 2024ರ ಫೆಬ್ರವರಿಯಲ್ಲಿ ಚಾಲೂ ಆಯಿತು: ಹಲವು ಜಾಲಗಳಿಗೆ ಮೂಲ ಜಾಲದಲ್ಲಿ ಒಂದೇ ಬ್ರಿಡ್ಜ್, ಆದ್ದರಿಂದ ಒಂದೇ ಟೋಕನ್. ಒಂದು ಜಾಲ ಕೆಟ್ಟರೆ ಎಲ್ಲರ ಹಣವೂ ಮುಳುಗದೇ? ಅದಕ್ಕೆ 2025ರ ಆರಂಭದಲ್ಲಿ ‘ಪೆಸಿಮಿಸ್ಟಿಕ್ ಪ್ರೂಫ್’ ಸೇರಿಸಿದರು. ಯಾವ ಜಾಲವೂ ತನ್ನೊಳಗೆ ಬಂದದ್ದಕ್ಕಿಂತ ಹೆಚ್ಚು ಹೊರಗೆ ತೆಗೆಯಲಾರದೆಂದು ಅದು ಗಣಿತದಿಂದ ಖಾತ್ರಿಪಡಿಸುತ್ತದೆ. ನೋಮ್ಯಾಡ್‌ನಂಥ ಪ್ರಕರಣದ ನಂತರ ಈ ಕ್ಷೇತ್ರ ಕಲಿತ ಅತ್ಯುತ್ತಮ ಪಾಠ ಇದೆಂದು ನಮ್ಮ ಅಭಿಪ್ರಾಯ. ಆಪ್ಟಿಮಿಸಂ ಬಳಗದ ಸೂಪರ್‌ಚೈನ್ ತನ್ನ ಒಡಹುಟ್ಟಿದ ರೋಲಪ್‌ಗಳ ನಡುವೆ ಸುಟ್ಟು-ಮುದ್ರಿಸುವ ಟೋಕನ್ ಮಾದರಿ ರೂಪಿಸಿದೆ. ಪಾಲಿಗಾನ್‌ನಿಂದ 2023ರಲ್ಲಿ ಬೇರೆಯಾದ ಅವೈಲ್, ಬೇರೆ ಬೇರೆ ಬಳಗಗಳನ್ನು ಜೋಡಿಸುವ ಪದರ ಕಟ್ಟುತ್ತಿದೆ. ಬಳಗದೊಳಗೆ ಒಗ್ಗಟ್ಟು, ಬಳಗಗಳ ನಡುವೆ ಗೋಡೆ ಎಂಬ ಸ್ಥಿತಿ ಇನ್ನೂ ಹೋಗಿಲ್ಲ.

ಕೋರಮಂಗಲದಲ್ಲೋ ಎಚ್‌ಎಸ್‌ಆರ್ ಲೇಔಟ್‌ನಲ್ಲೋ ಕೂತು ಹೊರದೇಶದಿಂದ ಯುಎಸ್‌ಡಿಸಿಯಲ್ಲಿ ಸಂಭಾವನೆ ಪಡೆಯುವ ಡೆವಲಪರ್‌ಗೆ ಇದರ ಬಿಸಿ ಹೀಗೆ ತಟ್ಟುತ್ತದೆ. ಬಂದದ್ದು ಅಸಲಿಯೋ ಯುಎಸ್‌ಡಿಸಿ.ಇಯೋ ಎಂದು ಕಾಂಟ್ರ್ಯಾಕ್ಟ್ ವಿಳಾಸ ನೋಡಿಯೇ ತಿಳಿಯಬೇಕು. ಎಕ್ಸ್‌ಚೇಂಜ್ ಒಪ್ಪದ ರೂಪದಲ್ಲೋ ನೆಟ್‌ವರ್ಕ್‌ನಲ್ಲೋ ಕಳಿಸಿದರೆ ಹಣ ಜಮಾ ಆಗದೆ ನಿಲ್ಲುತ್ತದೆ. ದಾಟುವ ಮೊದಲು ಆ ಕಡೆ ಗ್ಯಾಸ್‌ಗೆ (ಜಾಲದ ಶುಲ್ಕಕ್ಕೆ) ಬೇಕಾದಷ್ಟು ಈಥರ್ ಇರಲಿ, ಇಲ್ಲದಿದ್ದರೆ ತಲುಪಿದ ಹಣ ಅಲುಗುವುದಿಲ್ಲ. ಮೊದಲು ಚಿಕ್ಕ ಮೊತ್ತ ಕಳಿಸಿ. ಗಡುವಿನೊಳಗೆ ಆರ್ಡರ್ ಪೂರೈಸದಿದ್ದರೆ ಹಣ ಯಾವ ನೆಟ್‌ವರ್ಕ್‌ನಲ್ಲಿ ಮರಳುತ್ತದೆ ಎಂದು ಓದಿಕೊಳ್ಳಿ. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಲಾಭಕ್ಕೆ 30% ತೆರಿಗೆ, ಜುಲೈ 1ರಿಂದ ವರ್ಗಾವಣೆಗೆ 1% ಟಿಡಿಎಸ್ ಬಂದಿದೆ. ಒಂದು ಟೋಕನ್ ಇನ್ನೊಂದಾಗುವ ಪ್ರತಿ ಹೆಜ್ಜೆಗೂ ಎರಡೂ ಬದಿಯ ಟ್ರಾನ್ಸಾಕ್ಷನ್ ಹ್ಯಾಶ್ (ವ್ಯವಹಾರದ ಗುರುತು), ಸಮಯ ಮತ್ತು ರೂಪಾಯಿ ಬೆಲೆ ಬರೆದಿಡಿ.

2018ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈಥ್‌ಇಂಡಿಯಾ ಹ್ಯಾಕಥಾನ್‌ನಂಥ ಕಡೆ ಸೇರುವ ಯುವಕರು ಕೈಹಾಕಬೇಕಾದ ಗಟ್ಟಿ ಕೆಲಸ ಇನ್ನು ಎರಡಿದೆ. ಮೊದಲನೆಯದು ಪುರಾವೆಯ ವೇಗ: 2025ರ ಮೇ ತಿಂಗಳಲ್ಲಿ ಇಥೀರಿಯಂನ ಬಹುಪಾಲು ಬ್ಲಾಕ್‌ಗಳಿಗೆ (ವ್ಯವಹಾರಗಳ ಕಂತೆಗಳಿಗೆ) 12 ಸೆಕೆಂಡಿನೊಳಗೆ ಪುರಾವೆ ತಯಾರಿಸಿ ತೋರಿಸಿದಾಗ ನೂರಕ್ಕೂ ಮಿಕ್ಕಿದ ಜಿಪಿಯುಗಳನ್ನು (ಗ್ರಾಫಿಕ್ಸ್ ಚಿಪ್) ಹೂಡಬೇಕಾಗಿತ್ತು. ಎರಡನೆಯದು ಮೂಲ ಜಾಲದ ಅಂತಿಮತೆ: ಒಂದು ಬ್ಲಾಕ್ ಹಿಂತಿರುಗಲಾರದಂತೆ ಗಟ್ಟಿಯಾಗಲು ಈಗಲೂ ಸುಮಾರು 13 ನಿಮಿಷ ಬೇಕು. ಪುರಾವೆ ಎಷ್ಟೇ ಬೇಗ ಬಂದರೂ, ಆ ನಿಮಿಷಗಳ ಅಪಾಯವನ್ನು ಯಾರಾದರೊಬ್ಬ ಸಾಲ್ವರ್ ಹೊರಲೇಬೇಕು, ಅದರ ಬೆಲೆಯನ್ನು ಬಳಕೆದಾರ ಕೊಡಲೇಬೇಕು.