ಸುಗ್ರೀವಾಜ್ಞೆಗೆ ಒಂದು ಗಡುವಿತ್ತು: ಕಾನೂನಿನ ಆಳ್ವಿಕೆ ಸವೆಯುವ ಬಗೆ

ಪುಣೆಯ ಕೋಥ್ರೂಡಿನಲ್ಲಿ ಭಾನುವಾರ ಬೆಳಿಗ್ಗೆ ಒಟ್ಟಿಗೆ ಕೂತು ಸಂವಿಧಾನ ಓದುವ ನಾವು ಆರು ಮಂದಿ ಬೆಳಗಾವಿ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಬಂದವರು. ಕಾಲೇಜಿನ ಪಾಠ ಇಂಗ್ಲಿಷಿನಲ್ಲಿ, ಮನೆಗೆ ಬರುವ ಪತ್ರಿಕೆ ಮರಾಠಿಯಲ್ಲಿ, ನಮ್ಮ ವಾದ ಕನ್ನಡದಲ್ಲಿ. ಕಳೆದ ವಾರ, ಸದನ ಸೇರದಿರುವಾಗ ತಾತ್ಕಾಲಿಕ ಕಾನೂನು ಹೊರಡಿಸುವ ಅಧಿಕಾರ ಕೊಡುವ ವಿಧಿ 213ನ್ನು ಓದುವಾಗ, ಇಲ್ಲಿನ ಪತ್ರಿಕೆಗಳು ‘ವಟಹುಕೂಮ್’ ಎಂದು ಕರೆಯುವುದನ್ನು ನಾವು ‘ಸುಗ್ರೀವಾಜ್ಞೆ’ ಎನ್ನುತ್ತೇವಲ್ಲ, ಆ ಹೆಸರು ಏಕೆ ಎಂಬ ಪ್ರಶ್ನೆ ಎದ್ದಿತು. ಮೀರಲಾಗದ ಕಟ್ಟಾಜ್ಞೆ ಎಂಬ ಅರ್ಥ ಎಲ್ಲರಿಗೂ ಗೊತ್ತಿತ್ತು. ಆದರೆ ಕಿಷ್ಕಿಂಧಾಕಾಂಡದಲ್ಲಿ ಸುಗ್ರೀವನು ಸೀತೆಯನ್ನು ಹುಡುಕಲು ವಾನರರನ್ನು ದಿಕ್ಕುದಿಕ್ಕಿಗೆ ಅಟ್ಟುವಾಗ ಒಂದು ತಿಂಗಳ ಗಡುವನ್ನೂ ಹಾಕಿದ್ದ. ನಮ್ಮ ಆಡುಮಾತು ಆಜ್ಞೆಯ ಬಿಗಿಯನ್ನು ಉಳಿಸಿಕೊಂಡಿತು, ಗಡುವನ್ನು ಮರೆಯಿತು. ಕಾನೂನಿನ ಆಳ್ವಿಕೆ ಹೇಗೆ ಅಪಾಯಕ್ಕೆ ಸಿಲುಕುತ್ತದೆ ಎಂಬುದನ್ನು ಈ ಟಿಪ್ಪಣಿಯಲ್ಲಿ ನಾನು ಆ ಮರೆವಿನಿಂದಲೇ ಆರಂಭಿಸಿ ವಿವರಿಸುತ್ತೇನೆ.

ಕಾನೂನಿನ ಆಳ್ವಿಕೆ ಎಂದರೆ ಏನು ಎಂಬುದಕ್ಕೆ ಪಠ್ಯಗಳು 1885ರಲ್ಲಿ ಬ್ರಿಟಿಷ್ ಕಾನೂನು ಪಂಡಿತ ಎ.ವಿ. ಡೈಸಿ ಕೊಟ್ಟ ವಿವರಣೆಯನ್ನು ಮೊದಲು ಹೇಳುತ್ತವೆ. ಆಳುವವರ ಮನಬಂದ ಅಧಿಕಾರಕ್ಕಿಂತ ಕಾನೂನು ಮೇಲು, ಅದು ಎಲ್ಲರಿಗೂ ಒಂದೇ ಎಂಬ ಸಾರವನ್ನು ಅಲ್ಲಿಂದ ತೆಗೆದುಕೊಂಡರೆ ನಮಗೆ ಸಾಕು. ಇದಕ್ಕೆ ಬರುವ ಅಪಾಯದ ಉದಾಹರಣೆ ಕೇಳಿದರೆ ಬಹುತೇಕ ಎಲ್ಲರೂ 1975ರ ತುರ್ತುಪರಿಸ್ಥಿತಿಯನ್ನು ಬರೆಯುತ್ತಾರೆ. ಅದು ತಪ್ಪಲ್ಲ. ಆದರೆ ತುರ್ತುಪರಿಸ್ಥಿತಿ ಘೋಷಣೆಯಾಗಿಯೇ ಬಂದಿತ್ತು. 1975ರ ಜೂನ್ 25ರಂದು ಆರಂಭವಾಗಿ 1977ರ ಮಾರ್ಚ್ 21ಕ್ಕೆ ಮುಗಿದ ಅದನ್ನು ಜನ ಕಂಡಿದ್ದರು, ಅದರ ವಿರುದ್ಧ ಮತ ಹಾಕಿದ್ದರು. ನನ್ನನ್ನು ಹೆಚ್ಚು ಕಾಡುವುದು ಘೋಷಣೆಯೇ ಇಲ್ಲದ, ನಿಯಮದ ಅಕ್ಷರವನ್ನು ಪಾಲಿಸುತ್ತಲೇ ನಿಯಮವನ್ನು ಟೊಳ್ಳು ಮಾಡುವ ರೀತಿ. ಅದರ ಅತ್ಯಂತ ಸ್ಪಷ್ಟ ದಾಖಲೆ ಸಿದ್ಧವಾದದ್ದು ನಮ್ಮ ಪುಣೆಯಲ್ಲಿ.

ಮೊದಲು ಲೆಕ್ಕವನ್ನು ತಿಳಿದುಕೊಳ್ಳೋಣ. ವಿಧಾನಮಂಡಲದ ಅಧಿವೇಶನ ಇಲ್ಲದಿರುವಾಗ ತಕ್ಷಣ ಕ್ರಮ ಕೈಗೊಳ್ಳಬೇಕಾದ ಸಂದರ್ಭ ಬಂದರೆ, ಸಂವಿಧಾನದ ವಿಧಿ 213ರ ಅಡಿಯಲ್ಲಿ ರಾಜ್ಯಪಾಲರು ಸುಗ್ರೀವಾಜ್ಞೆ ಹೊರಡಿಸಬಹುದು. ಅದಕ್ಕೆ ಕಾಯ್ದೆಯಷ್ಟೇ ಬಲವಿದೆ. ಆದರೆ ವಿಧಾನಮಂಡಲ ಮತ್ತೆ ಸೇರಿದಾಗ ಅದನ್ನು ಸದನದ ಮುಂದಿಡಬೇಕು, ಮತ್ತು ಸದನ ಸೇರಿದ ದಿನದಿಂದ ಆರು ವಾರ ಕಳೆದರೆ ಅದು ತಾನಾಗಿಯೇ ರದ್ದಾಗುತ್ತದೆ. ವಿಧಿ 174ರ ಪ್ರಕಾರ ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚಿನ ಅಂತರ ಇರುವಂತಿಲ್ಲ. ಆರು ತಿಂಗಳಿಗೆ ಆರು ವಾರ ಕೂಡಿಸಿ: ಯಾವ ಸುಗ್ರೀವಾಜ್ಞೆಗೂ ಸುಮಾರು ಏಳೂವರೆ ತಿಂಗಳಿಗಿಂತ ಹೆಚ್ಚಿನ ಆಯುಸ್ಸಿಲ್ಲ. ಸಂವಿಧಾನ ಬರೆದವರು ಹಾಕಿದ ಗಡುವು ಇದು.

ಡೆಕ್ಕನ್ ಜಿಮಖಾನಾದ ಬಳಿ ಇರುವ ಗೋಖಲೆ ರಾಜಕೀಯ ಮತ್ತು ಅರ್ಥಶಾಸ್ತ್ರ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಿ.ಸಿ. ವಾಧ್ವಾ ಅವರು ಬಿಹಾರದ ಭೂ ಹಿಡುವಳಿ ಕಾನೂನುಗಳನ್ನು ಅಧ್ಯಯನ ಮಾಡುತ್ತಿದ್ದಾಗ ಒಂದು ವಿಚಿತ್ರವನ್ನು ಗಮನಿಸಿದರು. ಅಲ್ಲಿ ಸುಗ್ರೀವಾಜ್ಞೆಗಳು ಸಾಯುತ್ತಲೇ ಇರಲಿಲ್ಲ. ಸದನ ಸೇರುತ್ತಿತ್ತು, ಆದರೆ ಸುಗ್ರೀವಾಜ್ಞೆಯ ಬದಲಿಗೆ ಮಸೂದೆ ಬರುತ್ತಿರಲಿಲ್ಲ. ಅಧಿವೇಶನ ಮುಗಿದೊಡನೆ ಹಳೆಯದರ ಆರು ವಾರ ತೀರುವ ಮೊದಲೇ ಅದೇ ಪಠ್ಯವನ್ನು ಹೊಸ ಸಂಖ್ಯೆಯೊಂದಿಗೆ ಮತ್ತೆ ಜಾರಿ ಮಾಡಲಾಗುತ್ತಿತ್ತು. 1967ರಿಂದ 1981ರವರೆಗೆ ಹೀಗೆ ಹೊರಟ ಸುಗ್ರೀವಾಜ್ಞೆಗಳು 256. ಅವುಗಳನ್ನು ಒಂದು ವರ್ಷದಿಂದ ಹಿಡಿದು 14 ವರ್ಷಗಳವರೆಗೆ ಜೀವಂತ ಇಡಲಾಗಿತ್ತು. ಏಳೂವರೆ ತಿಂಗಳ ಗಡುವಿನ ಪಕ್ಕದಲ್ಲಿ 14 ವರ್ಷ ಎಂಬ ಅಂಕಿಯನ್ನು ಇಟ್ಟು ನೋಡಿ. ಅಧಿವೇಶನ ಮುಗಿಯಿತು, ಗಡುವು ತೀರುವ ಮೊದಲು ನಿಮ್ಮ ಸುಗ್ರೀವಾಜ್ಞೆಗಳನ್ನು ಮರುಜಾರಿ ಮಾಡಿಸಿಕೊಳ್ಳಿ ಎಂದು ಎಲ್ಲ ಇಲಾಖೆಗಳಿಗೆ ನೆನಪೋಲೆ ಕಳುಹಿಸುವುದೂ ಅಲ್ಲಿ ಕಚೇರಿಯ ವಾಡಿಕೆಯಾಗಿತ್ತು.

ಇಲ್ಲಿ ಒಂದು ವಿಷಯವನ್ನು ಅಡಿಗೆರೆ ಎಳೆದು ಗುರುತಿಸಿಕೊಳ್ಳಬೇಕು. ಆ 14 ವರ್ಷಗಳಲ್ಲಿ ಬಿಹಾರದಲ್ಲಿ ಹಲವು ಸರ್ಕಾರಗಳು ಬಂದುಹೋದವು, ಬೇರೆ ಬೇರೆ ಪಕ್ಷಗಳು ಆಳಿದವು, ತುರ್ತುಪರಿಸ್ಥಿತಿ ಬಂದು ಹೋಯಿತು. ಪದ್ಧತಿ ಮಾತ್ರ ಹಾಗೆಯೇ ನಡೆದುಕೊಂಡು ಹೋಯಿತು. ಆದ್ದರಿಂದ ಒಬ್ಬ ದುಷ್ಟ ಆಡಳಿತಗಾರನನ್ನು ಹುಡುಕುವವರಿಗೆ ಈ ಪ್ರಕರಣ ಅರ್ಥವಾಗುವುದಿಲ್ಲ. ಕಡತವನ್ನು ಮೇಲಕ್ಕೆ ಕಳುಹಿಸಿದ ಗುಮಾಸ್ತ, ಸಹಿ ಹಾಕಿದ ಕಾರ್ಯದರ್ಶಿ, ಒಪ್ಪಿಗೆ ಕೊಟ್ಟ ರಾಜ್ಯಪಾಲ, ಸದನದಲ್ಲಿ ಕೇಳದೆ ಉಳಿದ ಶಾಸಕ, ಇವರಲ್ಲಿ ಯಾರೂ ತಾವು ಸಂವಿಧಾನವನ್ನು ಮುರಿಯುತ್ತಿದ್ದೇವೆ ಎಂದು ಭಾವಿಸಿರಲಾರರು ಎಂದು ನನಗನಿಸುತ್ತದೆ.

ಇದು ಹೇಗೆ ಸಾಧ್ಯ ಎಂದು ನಮ್ಮ ಗುಂಪಿನ ಗೆಳತಿಯೊಬ್ಬಳು ಕೇಳಿದಾಗ ನಾನು ಬಾಡಿಗೆಗೆ ಇರುವ ಸೊಸೈಟಿಯ ನೋಟಿಸ್ ಬೋರ್ಡನ್ನು ನೆನೆದೆ. ಎರಡು ವರ್ಷದ ಹಿಂದೆ ಏಪ್ರಿಲಿನಲ್ಲಿ ನೀರಿನ ಕೊರತೆಯೆಂದು ಮಧ್ಯಾಹ್ನ ಹನ್ನೊಂದರಿಂದ ಸಂಜೆ ಐದರವರೆಗೆ ನೀರು ಬಿಡುವುದಿಲ್ಲ, ಈ ವ್ಯವಸ್ಥೆ ಹದಿನೈದು ದಿನಕ್ಕೆ ಮಾತ್ರ ಎಂಬ ಕಾಗದವನ್ನು ಅಂಟಿಸಿದ್ದರು. ಹದಿನೈದು ದಿನದ ನಂತರ ದಿನಾಂಕವನ್ನು ನೀಲಿ ಪೆನ್ನಿನಲ್ಲಿ ಹೊಡೆದು ಪಕ್ಕದಲ್ಲಿ ಬೇರೊಂದು ಬರೆದರು. ಅದರ ಕೆಳಗೆ ಇನ್ನೊಂದು, ಆಮೇಲೆ ಮತ್ತೊಂದು. ಮಳೆಗಾಲ ಬಂತು, ಮುಠಾ ನದಿ ತುಂಬಿ ಹರಿಯಿತು. ಆಗಲೂ ಕಾಗದ ಅಲ್ಲೇ ಇತ್ತು. ದೀಪಾವಳಿಯ ಹೊತ್ತಿಗೆ ಹಳೆಯ ಕಾಗದ ಹೋಗಿ ಅದೇ ನಿಯಮದ ಲ್ಯಾಮಿನೇಟ್ ಮಾಡಿದ ಹಾಳೆ ಬಂತು. ಅದರಲ್ಲಿ ಕೊನೆಯ ದಿನಾಂಕ ಇರಲಿಲ್ಲ. ಮಧ್ಯಾಹ್ನ ಮನೆಯಲ್ಲಿರುವ ಮುದುಕರಿಗೂ ಪಾತ್ರೆ ತೊಳೆಯಲು ಬರುವ ಕೆಲಸದ ಹೆಂಗಸರಿಗೂ ಅದರಿಂದ ಆಗುವ ಕಷ್ಟವನ್ನು ಯಾವ ಸಭೆಯೂ ಚರ್ಚಿಸಲಿಲ್ಲ, ಏಕೆಂದರೆ ಅದು ಯಾವ ಸಭೆಯ ಮುಂದೆಯೂ ಬಂದಿರಲಿಲ್ಲ. ಬಾಡಿಗೆದಾರನಾದ ನಾನು ಕೇಳಿದಾಗ, ನಿಮಗೆ ಇದರಲ್ಲಿ ಏನು ಸಂಬಂಧ ಎಂಬ ಉತ್ತರ ಬಂತು.

ವಾಧ್ವಾ ಅವರಿಗೂ ಅದೇ ಉತ್ತರ ಬಂದಿತ್ತು ಎಂಬುದನ್ನು ತೀರ್ಪಿನಲ್ಲಿ ಓದಿ ನನಗೆ ಮೈ ಜುಮ್ಮೆಂದಿತು. ಅವರು ಸುಪ್ರೀಂ ಕೋರ್ಟಿಗೆ ಹೋದಾಗ ಅವರ ಜೊತೆ ಬಿಹಾರದ ಒಬ್ಬ ರೈತ, ಒಬ್ಬ ವಿದ್ಯಾರ್ಥಿ ಮತ್ತು ಒಬ್ಬ ವ್ಯಾಪಾರಿ ಸಹ ಅರ್ಜಿದಾರರಾಗಿದ್ದರು. ಅವರು ಪ್ರಶ್ನಿಸಿದ ಸುಗ್ರೀವಾಜ್ಞೆಗಳ ಹೆಸರಿನಲ್ಲೇ ‘ತೃತೀಯ ಸುಗ್ರೀವಾಜ್ಞೆ, 1983’ ಎಂದಿತ್ತು, ಅಂದರೆ ಆ ವರ್ಷದಲ್ಲಿ ಮೂರನೆಯದು. ವಾಧ್ವಾ ಹೊರಗಿನವರು, ಅವರಿಗೆ ಇದರಲ್ಲಿ ಕಾನೂನಿನ ಹಿತಾಸಕ್ತಿ ಇಲ್ಲ ಎಂದು ರಾಜ್ಯ ಸರ್ಕಾರ ವಾದಿಸಿತು. 1986ರ ಡಿಸೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ನೇತೃತ್ವದ ಐವರ ಪೀಠ ಆ ವಾದವನ್ನು ತಳ್ಳಿಹಾಕಿ, ಸಂವಿಧಾನಕ್ಕೆ ಅನುಗುಣವಾಗಿ ಮಾಡಿದ ಕಾನೂನುಗಳಿಂದಲೇ ತಾನು ಆಳಲ್ಪಡಬೇಕೆಂದು ಒತ್ತಾಯಿಸುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆ ಎಂದಿತು. ಹೀಗೆ ಯಾಂತ್ರಿಕವಾಗಿ ಮರುಜಾರಿ ಮಾಡುವುದು ಸಂವಿಧಾನಕ್ಕೆ ಎಸಗುವ ವಂಚನೆ ಎಂದೂ ಹೇಳಿತು. ವಾಧ್ವಾ ಅವರ ಪರಿಶ್ರಮವನ್ನು ಮೆಚ್ಚಿ 10,000 ರೂಪಾಯಿ ವೆಚ್ಚ ಕೊಡಿಸಿತು. ಪರೀಕ್ಷೆಗೆ ಓದುವವರು ‘ವಂಚನೆ’ ಎಂಬ ಪದವನ್ನು ಬಾಯಿಪಾಠ ಮಾಡುತ್ತಾರೆ. ನಾಗರಿಕನ ಹಕ್ಕಿನ ಮಾತು ಅದಕ್ಕಿಂತ ದೊಡ್ಡದು ಎಂದು ನಾನು ನಂಬುತ್ತೇನೆ.

ಸದನವನ್ನು ತಪ್ಪಿಸುವ ಈ ಅಧಿಕಾರ ವಸಾಹತು ಕಾಲದ್ದು. ಪುಣೆಯಿಂದ ನಾಸಿಕ್ ದಾರಿಯಲ್ಲಿ ಹೋಗುವಾಗ ಸಿಗುವ ರಾಜಗುರುನಗರಕ್ಕೆ ಮೊದಲಿದ್ದ ಹೆಸರು ಖೇಡ್. ಶಿವರಾಮ ರಾಜಗುರು ಹುಟ್ಟಿದ ಊರು. ಅವರನ್ನೂ ಭಗತ್ ಸಿಂಗ್, ಸುಖದೇವ್ ಅವರನ್ನೂ ಗಲ್ಲಿಗೆ ಗುರಿಮಾಡಿದ ಲಾಹೋರಿನ ವಿಶೇಷ ನ್ಯಾಯಮಂಡಳಿ ಹುಟ್ಟಿದ್ದು 1930ರ ಮೇ 1ರಂದು ವೈಸರಾಯ್ ಇರ್ವಿನ್ ಹೊರಡಿಸಿದ ಸುಗ್ರೀವಾಜ್ಞೆಯಿಂದ. ಅದರ ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಇರಲಿಲ್ಲ. ಆರು ತಿಂಗಳ ಆಯುಸ್ಸಿನ ಆ ಆಜ್ಞೆ ಮುಗಿಯುವ ಮುನ್ನ, ಅಕ್ಟೋಬರ್ 7ರಂದು, ತೀರ್ಪು ಬಂದೇಬಿಟ್ಟಿತು. ಆ ಅಧಿಕಾರವನ್ನು ಗಣರಾಜ್ಯವೂ ಉಳಿಸಿಕೊಂಡಾಗ ಗಡುವನ್ನು ಕಾಯುವ ಹೊಣೆ ಚುನಾಯಿತ ಸದನದ್ದಾಯಿತು.

ಇನ್ನು 1986ರ ತೀರ್ಪಿನ ಒಂದು ದೌರ್ಬಲ್ಯವನ್ನು ಹೇಳಲೇಬೇಕು. ಸದನಕ್ಕೆ ಕೆಲಸದ ಒತ್ತಡ ವಿಪರೀತವಾಗಿದ್ದು ಮಸೂದೆ ತರಲು ಸಮಯವೇ ಸಿಗದಿದ್ದರೆ ಮರುಜಾರಿಗೆ ಅವಕಾಶ ಇರಬಹುದು ಎಂಬ ಸಣ್ಣ ಸಡಿಲಿಕೆಯನ್ನು ಪೀಠ ಉಳಿಸಿತು. ವಿನಾಯಿತಿಯ ದುರುಪಯೋಗವನ್ನು ತಡೆಯಲು ಬರೆದ ತೀರ್ಪಿನಲ್ಲೇ ಇನ್ನೊಂದು ವಿನಾಯಿತಿ ಸೇರಿಕೊಂಡಿತು. ಮೂರು ವರ್ಷ ಕಳೆಯುವುದರೊಳಗೆ, 1989ರ ಡಿಸೆಂಬರಿನಲ್ಲಿ, ಅದೇ ಬಿಹಾರದಲ್ಲಿ 429 ಖಾಸಗಿ ಸಂಸ್ಕೃತ ಶಾಲೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳುವ ಸುಗ್ರೀವಾಜ್ಞೆ ಹೊರಟಿತು. ಅದರ ಹಿಂದೆಯೇ ಒಂದಾದ ಮೇಲೊಂದು ಬಂದು, 1992ರ ಏಪ್ರಿಲಿನಲ್ಲಿ ಕೊನೆಯದು ರದ್ದಾಗುವವರೆಗೂ ಅವುಗಳಲ್ಲಿ ಒಂದನ್ನೂ ಸದನದ ಮುಂದಿಡಲಿಲ್ಲ.

ಆ ಶಾಲೆಗಳ ಶಿಕ್ಷಕರು, ಸುಗ್ರೀವಾಜ್ಞೆಯ ಪ್ರಕಾರ ನಾವು ಸರ್ಕಾರಿ ನೌಕರರಾಗಿದ್ದೆವು, ನಮ್ಮ ಸಂಬಳ ಕೊಡಿ ಎಂದು ನ್ಯಾಯಾಲಯಕ್ಕೆ ಹೋದರು. ಅಂತಿಮ ಉತ್ತರ ಬಂದದ್ದು 2017ರ ಜನವರಿ 2ರಂದು, ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದಿಂದ. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಬರೆದ ಬಹುಮತದ ತೀರ್ಪು, ಸುಗ್ರೀವಾಜ್ಞೆಯನ್ನು ಸದನದ ಮುಂದಿಡುವುದು ಕಡ್ಡಾಯ, ಮರುಜಾರಿ ಸಂವಿಧಾನಕ್ಕೆ ವಂಚನೆ, ರದ್ದಾದ ಸುಗ್ರೀವಾಜ್ಞೆಯಿಂದ ಹುಟ್ಟಿದ ಹಕ್ಕುಗಳು ತಾವಾಗಿ ಉಳಿಯುವುದಿಲ್ಲ ಎಂದು ಸ್ಪಷ್ಟಪಡಿಸಿತು. ತತ್ತ್ವ ಗೆದ್ದಿತು. ಆದರೆ ಸರ್ಕಾರದ ಮುದ್ರೆಯಿದ್ದ ಕಾಗದವನ್ನು ನಂಬಿ ಕಾಲು ಶತಮಾನ ಅಲೆದ ಆ ಶಿಕ್ಷಕರಿಗೆ ಸರ್ಕಾರಿ ನೌಕರರ ಸ್ಥಾನ ಸಿಗಲಿಲ್ಲ. ಈಗಾಗಲೇ ಕೊಟ್ಟ ಸಂಬಳವನ್ನು ಅವರಿಂದ ವಾಪಸು ವಸೂಲಿ ಮಾಡಬಾರದು ಎಂಬಷ್ಟು ರಕ್ಷಣೆ ಮಾತ್ರ ದೊರೆಯಿತು.