ಯೂರೋ ಹಾಕಿ ಟೂರ್: ಅಂಕಪಟ್ಟಿಗೆ ಮೊದಲು ಆಟಗಾರರ ಪಟ್ಟಿ ನೋಡಿ

ಐಸ್ ಹಾಕಿಯನ್ನು ಈಗಷ್ಟೇ ನೋಡಲು ಶುರು ಮಾಡಿದವರಿಗೆ ಯೂರೋ ಹಾಕಿ ಟೂರ್, ಅಂದರೆ ನಾಲ್ಕು ದೇಶಗಳು ಒಂದು ಋತುವಿನಲ್ಲಿ ಆಡುವ ನಾಲ್ಕು ಟೂರ್ನಿಗಳ ಸರಣಿ, ಸ್ವಲ್ಪ ಗೊಂದಲ ಮಾಡುತ್ತದೆ. ಫಿನ್ಲೆಂಡ್, ಸ್ವೀಡನ್, ಜೆಕ್, ಸ್ವಿಟ್ಜರ್ಲೆಂಡ್ ಅಂತ ದೇಶದ ಹೆಸರಲ್ಲೇ ತಂಡಗಳು ಇಳಿಯುತ್ತವೆ. ಆದರೆ ಆ ದೇಶಗಳ ದೊಡ್ಡ ತಾರೆಗಳೇ ಇರುವುದಿಲ್ಲ: ಮಿಕ್ಕೊ ರಾಂಟನೆನ್ ಇರುವುದಿಲ್ಲ, ವಿಲಿಯಂ ನೈಲಾಂಡರ್ ಇರುವುದಿಲ್ಲ, ಡೇವಿಡ್ ಪಾಸ್ತರ್ನಾಕ್ ಕೂಡ ಇರುವುದಿಲ್ಲ. ಹಾಗಾದರೆ ಇದನ್ನು ಯಾಕೆ ನೋಡಬೇಕು ಅಂತ ಅನಿಸುತ್ತೆ ಅಲ್ವಾ? ಈ ಟಿಪ್ಪಣಿ ಅದಕ್ಕೇ.

ಮೊದಲು ಕ್ಯಾಲೆಂಡರ್ ತಿಳಿದುಕೊಳ್ಳಿ, ಅರ್ಧ ವಿಷಯ ಅಲ್ಲೇ ಇದೆ. ಅಮೆರಿಕ ಮತ್ತು ಕೆನಡಾದ ವೃತ್ತಿಪರ ಲೀಗ್ ಎನ್‌ಎಚ್‌ಎಲ್ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಲೀಗ್ ಪಂದ್ಯ ಆಡಿಸುತ್ತದೆ, ಆಮೇಲೆ ಪ್ಲೇಆಫ್. ಟೂರ್ ನಡೆಯುವುದೂ ಇದೇ ತಿಂಗಳುಗಳಲ್ಲಿ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಫಿನ್ಲೆಂಡ್, ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್, ಫೆಬ್ರವರಿಯಲ್ಲಿ ಸ್ವೀಡನ್, ಮೇ ಮೊದಲ ದಿನಗಳಲ್ಲಿ ಜೆಕ್ ದೇಶ. ಯೂರೋಪಿನ ಲೀಗ್‌ಗಳು ಆ ದಿನಗಳಿಗೆ ಬಿಡುವು ಕೊಡುತ್ತವೆ, ಎನ್‌ಎಚ್‌ಎಲ್ ಕೊಡುವುದಿಲ್ಲ, ಮೇಲೆ ಹೇಳಿದ ಮೂವರೂ ಆಡುವುದು ಅಲ್ಲೇ. ಐಪಿಎಲ್ ನಡೆಯುತ್ತಿರುವಾಗಲೇ, ಅದರಲ್ಲಿ ಆಡದವರನ್ನು ಮಾತ್ರ ಸೇರಿಸಿ ಭಾರತದ ಜರ್ಸಿ ಕೊಟ್ಟು ಪಂದ್ಯ ಆಡಿಸಿದರೆ ಹೇಗಿರುತ್ತೋ, ಹೆಚ್ಚುಕಮ್ಮಿ ಹಾಗೆ.

ಇತಿಹಾಸ ಚಿಕ್ಕದಾಗಿ ಹೇಳುತ್ತೇನೆ. ಟೂರ್ ಅಂತ ಒಂದೇ ಹೆಸರಿನಡಿ ಈ ಟೂರ್ನಿಗಳನ್ನು ಜೋಡಿಸಿದ್ದು 1996-97ರಲ್ಲಿ. ಆಗ ನಾಲ್ಕನೇ ತಂಡ ರಷ್ಯಾ, ಡಿಸೆಂಬರ್ ಟೂರ್ನಿ ಮಾಸ್ಕೋದಲ್ಲಿ. ಆ ಟೂರ್ನಿ ಇನ್ನೂ ಹಳೆಯದು: 1967ರಲ್ಲಿ ಅಕ್ಟೋಬರ್ ಕ್ರಾಂತಿಯ 50ನೇ ವರ್ಷಕ್ಕೆ ಶುರುವಾಗಿ, ಇಜ್ವೆಸ್ತಿಯಾ ಪತ್ರಿಕೆಯ ಹೆಸರಲ್ಲಿ ಬಹಳ ಕಾಲ ನಡೆದು, ಕೊನೆಗೆ ಚಾನೆಲ್ ಒನ್ ಕಪ್ ಆಯಿತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ದಾಳಿ ಆದಾಗ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ರಷ್ಯಾವನ್ನು ಹೊರಗಿಟ್ಟಿತು. 2022-23ರಿಂದ ಆ ಜಾಗದಲ್ಲಿ ಸ್ವಿಟ್ಜರ್ಲೆಂಡ್ ಆಡುತ್ತಿದೆ. ಅಂದ ಹಾಗೆ, ಫಿನ್ಲೆಂಡಿನ ಟೂರ್ನಿಗೆ ಕರ್ಯಲ ಅಂತ ಹೆಸರು, ಅದು ಪ್ರಾಯೋಜಕರಾದ ಬಿಯರ್ ಬ್ರ್ಯಾಂಡಿನದು.

ಈಗ ಲೆಕ್ಕ. ಪ್ರತಿ ಟೂರ್ನಿಯಲ್ಲಿ ನಾಲ್ಕು ತಂಡ, ಪ್ರತಿಯೊಂದೂ ಉಳಿದ ಮೂರರ ಜೊತೆ ಒಂದೊಂದು ಪಂದ್ಯ, ಒಟ್ಟು ಆರು ಪಂದ್ಯ. ಅದರಲ್ಲಿ ಒಂದನ್ನು ಬೇರೆ ದೇಶದಲ್ಲಿ ಆಡಿಸುವ ರೂಢಿಯಿದೆ. ಹಾಗಾಗಿ ಫಿನ್ಲೆಂಡಿನ ಟೂರ್ನಿಯ ಪಟ್ಟಿಯಲ್ಲಿ ಜೆಕ್ ಊರಿನ ಹೆಸರು ಕಂಡರೆ ತಪ್ಪಾಗಿದೆ ಅಂದುಕೊಳ್ಳಬೇಡಿ. 60 ನಿಮಿಷದೊಳಗೆ ಗೆದ್ದರೆ 3 ಅಂಕ. ಸಮವಾದರೆ ಎರಡೂ ಕಡೆ ಮೂರು ಮೂರು ಆಟಗಾರರ ಹೆಚ್ಚುವರಿ ಸಮಯ, ಆಗಲೂ ಗೋಲ್ ಬರದಿದ್ದರೆ ಪೆನಾಲ್ಟಿ ಶಾಟ್. ಹೀಗೆ ಗೆದ್ದವರಿಗೆ 2, ಸೋತವರಿಗೆ 1. ಒಂದು ತಂಡ ಎರಡು ಪಂದ್ಯ ನಿಗದಿತ ಸಮಯದಲ್ಲೇ ಗೆದ್ದು ಮೂರನೆಯದನ್ನು ಸೋತರೆ 6 ಅಂಕ. ಇನ್ನೊಂದು ತಂಡ ಒಂದನ್ನು 60 ನಿಮಿಷದಲ್ಲಿ ಗೆದ್ದು, ಒಂದನ್ನು ಹೆಚ್ಚುವರಿ ಸಮಯದಲ್ಲಿ ಗೆದ್ದು, ಒಂದನ್ನು ಪೆನಾಲ್ಟಿ ಶಾಟ್‌ನಲ್ಲಿ ಕಳೆದುಕೊಂಡರೂ 3+2+1, ಅದೇ 6. ಹೇಗೆ ಹಂಚಿದರೂ ಒಂದು ಪಂದ್ಯಕ್ಕೆ 3 ಅಂಕವೇ, ಒಂದು ಟೂರ್ನಿಗೆ 18. ನಾಲ್ಕೂ ಟೂರ್ನಿ ಸೇರಿಸಿದರೆ ಒಂದು ತಂಡಕ್ಕೆ 12 ಪಂದ್ಯ, ಗರಿಷ್ಠ 36 ಅಂಕ.

ಆದರೆ ಈ ಅಂಕಪಟ್ಟಿಯನ್ನೇ ಹಿಡಿದುಕೊಂಡು ಯಾರು ಬಲಿಷ್ಠರು ಅಂತ ತೀರ್ಮಾನ ಮಾಡಬೇಡಿ. ನವೆಂಬರ್‌ನಲ್ಲಿ ಕೋಚ್ ಗೆಲ್ಲುವುದಕ್ಕಿಂತ ಜಾಸ್ತಿ, ಮೇ ತಿಂಗಳ ವಿಶ್ವ ಚಾಂಪಿಯನ್‌ಶಿಪ್‌ಗೆ ಯಾರು ಸರಿ ಅಂತ ಪರೀಕ್ಷೆ ಮಾಡುವುದಕ್ಕೇ ಬಂದಿರುತ್ತಾರೆ. ಒಂದು ಪಂದ್ಯಕ್ಕೆ 20 ಆಟಗಾರರು, ಜೊತೆಗೆ ಇಬ್ಬರು ಗೋಲ್‌ಕೀಪರ್‌ಗಳು. ಮಂಜಿನ ಮೇಲೆ ಒಂದು ಸಲಕ್ಕೆ ಐವರು ಮತ್ತು ಗೋಲ್‌ಕೀಪರ್, ಮುಕ್ಕಾಲು ನಿಮಿಷ ಕಳೆಯುವಷ್ಟರಲ್ಲಿ ಆ ಐವರು ಬೆಂಚಿಗೆ, ಬೇರೆ ಐವರು ಒಳಗೆ. ಯಾರ ಪಕ್ಕದಲ್ಲಿ ಯಾರು ಆಡಿದರೆ ಹೊಂದಿಕೆ ಆಗುತ್ತೆ ಅನ್ನೋದನ್ನು ತರಬೇತಿಯಲ್ಲಿ ಎಷ್ಟು ನೋಡಿದರೂ ಸಾಲದು, ಎದುರಿಗೆ ಸ್ವೀಡನ್ ಇದ್ದಾಗಲೇ ಗೊತ್ತಾಗೋದು. ಆದ್ದರಿಂದ ಸ್ಕೋರ್ ನೋಡಿ ಸುಮ್ನೆ ಮುಚ್ಚಿಡಬೇಡಿ. ಯಾರು ಎಷ್ಟು ನಿಮಿಷ ಮಂಜಿನ ಮೇಲಿದ್ದರು, ಎದುರಾಳಿಗೆ ಎರಡು ನಿಮಿಷದ ಶಿಕ್ಷೆ ಬಿದ್ದು ಪವರ್‌ಪ್ಲೇ ಸಿಕ್ಕಾಗ ಕೋಚ್ ಮೊದಲು ಯಾರನ್ನು ಕಳಿಸಿದರು, ಒಂದು ಗೋಲಿನ ಮುನ್ನಡೆ ಇರುವಾಗ ಕೊನೆಯ ನಿಮಿಷ ಕಾಯಲು ಯಾರನ್ನು ನಂಬಿದರು, ಇದನ್ನೆಲ್ಲ ಗುರುತು ಹಾಕಿಕೊಳ್ಳಿ. ಗೋಲ್‌ಕೀಪರ್ ಪಂದ್ಯದಿಂದ ಪಂದ್ಯಕ್ಕೆ ಬದಲಾದರೆ ಅಲ್ಲೊಂದು ಸ್ಪರ್ಧೆ ನಡೀತಿದೆ ಅಂತ ತಿಳಿಯಿರಿ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ 2019ರ ಫಿನ್ಲೆಂಡ್. ಆ ವರ್ಷ ವಿಶ್ವ ಚಾಂಪಿಯನ್‌ಶಿಪ್ ಸ್ಲೊವಾಕಿಯಾದಲ್ಲಿತ್ತು. ಕೋಚ್ ಯುಕ್ಕಾ ಯಾಲೊನೆನ್ ಕರೆತಂದ ತಂಡದಲ್ಲಿ ಎನ್‌ಎಚ್‌ಎಲ್ ಅನುಭವ ಇದ್ದವರು ಬೆರಳೆಣಿಕೆಯಷ್ಟು ಮಾತ್ರ, ಜಾಸ್ತಿ ಜನ ಯೂರೋಪಿನ ಲೀಗ್‌ಗಳವರು, ಅಂದರೆ ಟೂರ್‌ಗೆ ಸಿಗುವಂಥ ಆಟಗಾರರೇ. ನಾಯಕ ಮಾರ್ಕೊ ಆಂಟಿಲಾ ಎರಡು ಮೀಟರ್‌ಗೂ ಎತ್ತರದ ಮನುಷ್ಯ, ಹೆಲ್ಸಿಂಕಿಯ ಯೋಕೆರಿಟ್ ಕ್ಲಬ್ಬಿನವರು. ಕ್ವಾರ್ಟರ್ ಫೈನಲ್‌ನಲ್ಲಿ ಎನ್‌ಎಚ್‌ಎಲ್ ಆಟಗಾರರಿಂದ ತುಂಬಿದ ಸ್ವೀಡನ್ ಎದುರು ಕೊನೆಯ ಎರಡು ನಿಮಿಷದೊಳಗೆ ಸಮಬಲದ ಗೋಲ್ ಹೊಡೆದದ್ದು ಅವರೇ, ಹೆಚ್ಚುವರಿ ಸಮಯದಲ್ಲಿ ಸಕಾರಿ ಮನ್ನಿನೆನ್ ಅದನ್ನು 5-4 ಮಾಡಿದರು. ಸೆಮಿಫೈನಲ್‌ನಲ್ಲಿ ರಷ್ಯಾ ಎದುರು 1-0, ಆ ಒಂದು ಗೋಲೂ ಆಂಟಿಲಾ ಅವರದೇ. ಫೈನಲ್‌ನಲ್ಲಿ ಕೆನಡಾ ವಿರುದ್ಧ 3-1, ಅದರಲ್ಲಿ ಎರಡು ಆಂಟಿಲಾ ಅವರವು! ಮೂರು ವರ್ಷ ಬಿಟ್ಟು 2022ರಲ್ಲಿ ಟಾಂಪೆರೆ ಊರಿನ ಫೈನಲ್‌ನಲ್ಲಿ ಮತ್ತೆ ಕೆನಡಾ, ಮತ್ತೆ ಫಿನ್ಲೆಂಡಿಗೇ ಚಿನ್ನ, ಹೆಚ್ಚುವರಿ ಸಮಯದ ಗೋಲ್ ಮತ್ತೆ ಮನ್ನಿನೆನ್. ಅದೇ ವರ್ಷ ಫೆಬ್ರವರಿಯಲ್ಲಿ ಬೀಜಿಂಗ್ ಒಲಿಂಪಿಕ್ಸ್ ಚಿನ್ನವನ್ನೂ ಇದೇ ಯಾಲೊನೆನ್ ಅವರ ತಂಡ ಗೆದ್ದಿತ್ತು, ಅಲ್ಲಿಗೆ ಎನ್‌ಎಚ್‌ಎಲ್ ಯಾರನ್ನೂ ಕಳಿಸಿರಲಿಲ್ಲ.

ಇದರ ಇನ್ನೊಂದು ಮುಖ 2024ರ ಜೆಕ್ ತಂಡ. ತಮ್ಮ ಎನ್‌ಎಚ್‌ಎಲ್ ತಂಡ ಬೋಸ್ಟನ್ ಪ್ಲೇಆಫ್‌ನಿಂದ ಹೊರಬಿದ್ದ ಮೇಲೆ ಪಾಸ್ತರ್ನಾಕ್ ವಿಶ್ವ ಚಾಂಪಿಯನ್‌ಶಿಪ್‌ಗಾಗಿ ಪ್ರಾಗ್‌ಗೆ ಬಂದು ತಂಡ ಸೇರಿಕೊಂಡರು. ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್ ಎದುರು ಮೂರನೇ ಪಿರಿಯಡ್‌ವರೆಗೂ ಗೋಲೇ ಇಲ್ಲ, ಮೊದಲ ಗೋಲ್ ಪಾಸ್ತರ್ನಾಕ್ ಅವರದು, ಪಂದ್ಯ 2-0. ಹೀಗೆ ತಡವಾಗಿ ಬರುವವರಿಗೆ ಅಂತಲೇ ಕೋಚ್‌ಗಳು ತಂಡದಲ್ಲಿ ಒಂದೆರಡು ಜಾಗ ಖಾಲಿ ಇಟ್ಟುಕೊಳ್ಳುವುದುಂಟು. ಚಳಿಗಾಲವಿಡೀ ಟೂರ್‌ನಲ್ಲಿ ಬೆವರು ಸುರಿಸಿದ ಯಾರಿಗೋ ಆ ಜಾಗ ತಪ್ಪುತ್ತದೆ. ನನಗೆ ಅದು ಪ್ರತಿ ವರ್ಷವೂ ಬೇಸರ ತರುವ ಸಂಗತಿ.

ನೋಡುವ ಕ್ರಮ ಇಷ್ಟೇ. ನವೆಂಬರ್‌ನಲ್ಲಿ ಒಂದು ತಂಡವನ್ನು ಆರಿಸಿಕೊಂಡು ಅದರ ಪೂರ್ತಿ ಪಟ್ಟಿ ಬರೆದಿಟ್ಟುಕೊಳ್ಳಿ. ಪ್ರತಿ ಟೂರ್ನಿಯಲ್ಲೂ ಉಳಿದವರಿಗೆ ಒಂದು ಗೆರೆ ಎಳೆಯಿರಿ, ಹೊಸಬರನ್ನು ಕೆಳಗೆ ಸೇರಿಸಿ. ಮೇ ತಿಂಗಳಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗೆ 25 ಜನರ ಹೆಸರು ಬಂದಾಗ ಪಕ್ಕದಲ್ಲಿಟ್ಟು ಹೋಲಿಸಿ. ಸ್ವಿಟ್ಜರ್ಲೆಂಡಿನಿಂದ ಶುರು ಮಾಡಿದರೆ ಒಳ್ಳೆಯದು. 2024 ಮತ್ತು 2025, ಎರಡೂ ಫೈನಲ್‌ಗಳನ್ನು ಒಂದೂ ಗೋಲ್ ಹೊಡೆಯದೆ ಸೋತ ತಂಡ ಅದು. ಹಾಗಾಗಿ ಅಲ್ಲಿ ಗೋಲ್ ಹೊಡೆಯಬಲ್ಲ ಹೊಸ ಮುಖ ಯಾರು ಬಂದರೂ ಕಣ್ಣಿಟ್ಟು ನೋಡಿ.